ಬಾಗಿದ ಹ್ಯಾಂಡಲ್ಲೂ ನಿಂತ ಬಸ್ಸೂ

ಸಿಟ್ಟಿಗೂ ಒಂದು ವೇಳಾಪಟ್ಟಿ ಇರಬೇಕು ಎಂದು ನಂಬಿದವನು ನಾನು. ಬಾದಾಮಿಯಲ್ಲಿ ಸಂಚಾರ ನಿಯಂತ್ರಕನಾಗಿದ್ದಾಗ, ಎಂದರೆ ಸೀಟಿ ಹಿಡಿದು ನಿಂತು ವೇಳೆಗೆ ಸರಿಯಾಗಿ ಬಸ್ಸು ಬಿಡುವ ಕೆಲಸದಲ್ಲಿದ್ದಾಗ, ಮೊದಲ ಬಸ್ಸಿನೊಂದಿಗೆ ಹೊರಟ ನನ್ನ ಸಿಟ್ಟು ಪಾಳಿ ಮುಗಿದ ಕೂಡಲೇ ಮುಗಿಯುತ್ತಿತ್ತು. ಅದನ್ನು ಎಂದೂ ಮನೆಗೆ ಒಯ್ದವನಲ್ಲ. ಮನೆಯಾಕೆ ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು. ದೊಡ್ಡವರ ಬೀಗರು ದಾರಿಯಲ್ಲಿದ್ದಾರೆ ಎಂದು ಫೋನು ಬಂದರೂ ನಾನು ಬಸ್ಸು ತಡೆದು ನಿಲ್ಲಿಸಿದವನಲ್ಲ. ನಿವೃತ್ತನಾದ ಮೇಲೆ ನನ್ನ ಸಿಟ್ಟು ಕೆಲಸವಿಲ್ಲದೆ ಮನೆಯಲ್ಲೇ ಕೂತು ಕೊಳೆಯುತ್ತಿತ್ತು. ಈಗ ಅದಕ್ಕೆ ಮತ್ತೆ ಕೈತುಂಬ ಕೆಲಸ ಸಿಕ್ಕಿದೆ. ಎಲ್ಲ ಸೈಕಲ್ಲಿನ ಕೃಪೆ.

ಬಾಗಲಕೋಟೆಯ ಕಾಲೇಜೊಂದರಲ್ಲಿ ಕಲಿಸುವ ಮಗಳು ನನ್ನ ಮೊಣಕಾಲಿಗೆ ಒಳ್ಳೆಯದೆಂದು ಅದನ್ನು ಕೊಡಿಸಿದಳು. ಗ್ರಾವೆಲ್ ಬೈಕ್ ಎಂದು ಅದರ ಹೆಸರು. ಗರಸು, ಖಡಿ, ಹೊಲದ ಬಂಡಿದಾರಿ ಯಾವುದಾದರೂ ಅದಕ್ಕೆ ನಡೆಯುತ್ತದೆ. ದಪ್ಪ ಗಾಲಿ, ಟಗರಿನ ಕೋಡಿನಂತೆ ಕೆಳಕ್ಕೆ ಸುತ್ತಿಕೊಂಡ ಹ್ಯಾಂಡಲ್. ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ. ಇಷ್ಟೆಲ್ಲ ಇಲ್ಲದಿರುವುದಕ್ಕೇ ಬೆಲೆ ಹೆಚ್ಚಂತೆ. ಮೊದಲ ದಿನ ಮಗಳ ಮೇಲೂ ಸಿಟ್ಟಾಗಿದ್ದೆ. ಆದರೆ ಪಟ್ಟದಕಲ್ಲಿನಾಚೆ, ಕೆಂಪು ಗುಡ್ಡಗಳ ಸಂದಿಯ ಗರಸಿನ ದಾರಿಗೆ ಅದನ್ನು ಇಳಿಸಿ, ಗಾಲಿಯ ಕೆಳಗೆ ಕಲ್ಲು ಹುರಿಗಡಲೆಯಂತೆ ಕರಕರ ಅನ್ನುವುದನ್ನು ಕೇಳಿದ ಮೇಲೆ ಆ ಸಿಟ್ಟು ಹೋಯಿತು. ಜನ್ಮವೆಲ್ಲ ಬಸ್ಸುಗಳನ್ನು ಡಾಂಬರಿನ ಮೇಲೆ ಕಳಿಸಿದವನಿಗೆ, ಯಾವ ಬಸ್ಸೂ ಬಾರದ ದಾರಿಯೊಂದು ಸಿಕ್ಕಿತ್ತು. ಏರಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಇಳಿಜಾರಿನಲ್ಲಿ ಅದೇ ಎದೆ ಇಪ್ಪತ್ತರ ಹುಡುಗನದಾಗುತ್ತದೆ. ಇದನ್ನು ಯಾರಿಗೂ ಹೇಳಿಕೊಂಡಿಲ್ಲ. ಓದುಗರಾದ ನೀವು ನನಗೆ ದಾರಿಯಲ್ಲಿ ಅಡ್ಡ ಬರುವವರಲ್ಲವೆಂದು ಹೇಳುತ್ತಿದ್ದೇನೆ.

ನಮ್ಮ ಕಡೆಯ ದಾರಿಗಳಲ್ಲಿ ಕಲ್ಲಿನದೇನೂ ತೊಂದರೆಯಿಲ್ಲ. ತೊಂದರೆ ಇರುವುದು ಜನರದು. ಇವರು ಯಾರನ್ನೂ ಸುಮ್ಮನೆ ಹೋಗಗೊಡುವುದಿಲ್ಲ. ನನ್ನ ವಯಸ್ಸಿನ ಮನುಷ್ಯ ಮನಸಾರೆ ಸೈಕಲ್ ಹೊಡೆಯಬಲ್ಲ ಎಂಬುದನ್ನು ನಂಬುವುದೂ ಇಲ್ಲ. ಒಂದೋ ಗಾಡಿಯ ಪೆಟ್ರೋಲ್ ಮುಗಿದಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಗಿರಬೇಕು.

ಹೋದ ತಿಂಗಳು ಇಳಕಲ್ಲಿನಲ್ಲಿ ನನ್ನ ಹೆಂಡತಿಯ ತಮ್ಮ ಮಹಾಂತೇಶನ ಮಗಳ ನಿಶ್ಚಯವಿತ್ತು. ಮಹಾಂತೇಶ ನೇಕಾರರ ಮನೆಯವನು, ಮಗ್ಗ ಇರುವವನು, ನನ್ನಲ್ಲಿ ವಿಪರೀತ ಗೌರವ ಇರುವವನು. ಈ ಕೊನೆಯ ಗುಣ ಮುಂದೆ ಲೆಕ್ಕಕ್ಕೆ ಬರುತ್ತದೆ. ನಾನು ಗುಡ್ಡದ ದಾರಿ ಹಿಡಿದು ಸೈಕಲ್ಲಿನ ಮೇಲೆಯೇ ಇಳಕಲ್ಲಿಗೆ ಬರುವುದಾಗಿ ಹೇಳಿದಾಗ ಮನೆಯಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಹುಡುಗನ ಮನಿಯವ್ರು ಊಟಕ್ಕ ಕೂಡೂದ್ರಾಗ ನಿಮ್ಮ ಮಾರಿ ಅಲ್ಲಿ ಕಾಣಬೇಕು. ಕಾಣಲಿಲ್ಲಂದ್ರ ಈ ಸೈಕಲ್ ಮಾರಿಬಿಡೂದು."

"ಕಾಣ್ತೈತಿ."

"ನಡುವ ಬಸ್ ಹತ್ತಿದ್ರೂ ಮಾರೂದು ಮತ್ತ!"

"ಹೂಂ, ಮಾರೂದು," ಎಂದೆ. ವೇಳಾಪಟ್ಟಿಯ ಮೇಲೆ ಅಷ್ಟು ನಂಬಿಕೆ.

ಬೆಳಕು ಹರಿಯುವಾಗಲೇ ಹೊರಟೆ. ಪಟ್ಟದಕಲ್ಲು ದಾಟಿ ಗರಸಿನ ದಾರಿಗೆ ಇಳಿದು ಸ್ವಲ್ಪ ಹೊತ್ತಾಗಿರಲಿಲ್ಲ, ಎದುರಿಗೆ ಬಂದ ಟ್ರ್ಯಾಕ್ಟರ್ ಅಡ್ಡ ನಿಂತಿತು. ನಡೆಸುತ್ತಿದ್ದ ಗಟ್ಟಿಮುಟ್ಟಾದ ರೈತ ಕೆಳಗೆ ಜಿಗಿದ.

"ಎಲ್ಲಿ ಬಿದ್ರಿ, ಸಾಹೇಬ್ರ?"

"ನಾ ಎಲ್ಲೂ ಬಿದ್ದಿಲ್ಲ."

"ಹ್ಯಾಂಡಲ್ ಇಷ್ಟ್ಯಾಕ ಬಾಗೇತ್ರಿ ಹಂಗಾದ್ರ?"

"ಅದು ಇರೂದ ಹಂಗ. ಹೊಸಾದು."

"ಹೊಸಾದನ್ನ ಬಾಗಿಸಿ ಕೊಟ್ಟಾರ? ಖರೇನ ಮೋಸ ಮಾಡ್ಯಾರ್ರಿ ನಿಮಗ!" ಎಂದವನೇ ಮುಂದಿನ ಗಾಲಿಯನ್ನು ತೊಡೆಯ ನಡುವೆ ಅವುಚಿಕೊಂಡು, ಎರಡೂ ಕೋಡು ಹಿಡಿದು ಮೇಲಕ್ಕೆ ಜಗ್ಗತೊಡಗಿದ. ನಾನು ಸೈಕಲ್ಲಿನ ಹಿಂದುಗಡೆ ಹಿಡಿದು ಜಗ್ಗಿದೆ. ಕೂಗಾಡಿದೆ. "ಸಿಟ್ಟಾಗಬ್ಯಾಡ್ರಿ, ರೊಕ್ಕಾ ಕೇಳಂಗಿಲ್ಲ ನಾ," ಎಂದು ಅವನೇ ಸಮಾಧಾನ ಹೇಳಿದ. ಬಿಡಿಸಿಕೊಂಡು ಹೊರಡುವಷ್ಟರಲ್ಲಿ ನನ್ನ ವೇಳಾಪಟ್ಟಿಯ ಮೊದಲ ಭಾಗ ಹಾಳಾಗಿತ್ತು.

ಎರಡನೆಯ ಭಾಗವನ್ನು ಹಾಳು ಮಾಡಿದವಳು ಐಹೊಳೆಯ ಹತ್ತಿರ ಹೊಲದ ಬದುವಿನಲ್ಲಿ, ಬೇವಿನ ನೆರಳಿಗೆ ಬುತ್ತಿ ಬಿಚ್ಚಿ ಕೂತಿದ್ದ ಒಬ್ಬ ಮುದುಕಿ. "ಬಾರೋ ಯಪ್ಪಾ, ಉಣ್ಣು ಬಾ," ಎಂದಳು. ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಆಕೆ ಹಣೆಗೆ ಕೈಯಿಟ್ಟು ನೋಡಿದಳು.

"ಏ, ನೀ ಬಾದಾಮಿ ಕಂಟ್ರೋಲರ್ ಅಲ್ಲೇನು? ನಾ ಕೈ ಮಾಡಕೋತ ಓಡಿ ಬಂದ್ರೂ ಸೀಟಿ ಊದಿ ಬಸ್ ಬಿಟ್ಟಾಂವ! ಇಳಿ ಕೆಳಗ. ಇವತ್ತ ನಾ ನಿನ್ನ ಬಿಡಂಗಿಲ್ಲ."

ಇಳಿದೆ. ಇಳಿದದ್ದು ನ್ಯಾಯವನ್ನು ಸ್ಪಷ್ಟಪಡಿಸುವುದಕ್ಕೆ. "ನೀ ತಡಾ ಮಾಡಿ ಬಂದಿದ್ದಿ ಬೇ. ಬಸ್ಸಿಂದೇನೂ ತಪ್ಪಿಲ್ಲ."

"ಹೌದಪಾ, ತಪ್ಪು ನಂದ. ಹಿಡಿ ರೊಟ್ಟಿ."

"ಒಬ್ರಿಗೆ ನಿಲ್ಲಿಸಿದ್ರ ಎಲ್ಲಾರಿಗೂ ನಿಲ್ಲಿಸಬೇಕಾಕ್ಕೈತಿ."

"ಖರೇ ಐತಿ. ಪುಂಡಿಪಲ್ಯ ಹಾಕ್ಲಿ?"

ತಪ್ಪೊಪ್ಪಿಕೊಂಡವರ ಜೊತೆ ಜಗಳ ಆಡುವುದು ಬಹಳ ಕಷ್ಟ. ಬಾಯಿ ತೆರೆದಾಗಲೆಲ್ಲ ಒಂದು ತುತ್ತು ಒಳಗೆ ಹೋಯಿತು. ಶೇಂಗಾ ಹಿಂಡಿ, ಮೊಸರು, ಮತ್ತೊಂದು ರೊಟ್ಟಿ. ಏಳುವಾಗ ಆಕೆ ಸೈಕಲ್ ನೋಡಿ, "ಪಾಪ, ಸ್ಟ್ಯಾಂಡೂ ಮುರಕೊಂಡಿ," ಎಂದು ಲೊಚಗುಟ್ಟಿದಳು.

ಹೊಟ್ಟೆ ತುಂಬಿದವನಿಗೆ ಗುಡ್ಡದ ಏರು ಎಂದರೇನು ಎಂಬುದು ಆಮೇಲೆ ತಿಳಿಯಿತು. ಬಿಸಿಲೂ ಏರಿತ್ತು. ಗರಸಿನ ದಾರಿ ಮುಗಿದು ಅಮೀನಗಡದ ಹತ್ತಿರ ಡಾಂಬರು ರಸ್ತೆ ಕೂಡುವಲ್ಲಿ ಸೈಕಲ್ಲಿನ ಮೇಲೆ ಬೋರಲು ಬಿದ್ದವನಂತೆ ನಿಂತುಕೊಂಡಿದ್ದೆ. ಇಳಕಲ್ಲು ಇನ್ನೂ ಬಹಳ ದೂರವಿತ್ತು. ಆಗ ಹಿಂದಿನಿಂದ ಬಂದ ಬಸ್ಸೊಂದು ನನ್ನ ಪಕ್ಕಕ್ಕೇ ನಿಂತಿತು. ಕಿಟಕಿಯಲ್ಲಿ, ನಿಶ್ಚಯಕ್ಕೆ ಹೊರಟಿದ್ದ ಮನೆಯಾಕೆ.

"ಹತ್ರಿ."

"ಹತ್ತಂಗಿಲ್ಲ." ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್‌ಗೆ ಹೇಳಿದೆ: "ಇದು ಸ್ಟಾಪ್ ಅಲ್ಲ. ರೈಟ್ ಹೇಳು."

"ಇವರು ಹತ್ತೂ ತನಕ ಬಸ್ ಬಿಡಬ್ಯಾಡಪಾ," ಎಂದಳು ಮನೆಯಾಕೆ.

"ಅಕ್ಕಾರು ಹೇಳಿದ ಮ್ಯಾಲೆ ಮುಗೀತ್ರಿ," ಎಂದ ಅವನು, ಸೀಟಿಯನ್ನು ಕಿಸೆಗೆ ಹಾಕಿಕೊಂಡು.

ಒಳಗಿನಿಂದ ಕೂಗು ಎದ್ದಿತು. "ಯಾರ್ರಿ ಅಂವಾ? ನಮಗ ದವಾಖಾನಿಗೆ ಹೊತ್ತಾಗಾಕತ್ತೈತಿ!" "ಹತ್ತಾಂವಿದ್ರ ಹತ್ಸು, ಇಲ್ಲಂದ್ರ ಬಿಡು ಲೇ!" ಪ್ರತಿಯೊಂದು ಮಾತನ್ನೂ ನಾನು ಮನಸಾರೆ ಒಪ್ಪಿದೆ. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ಗಟ್ಟಿಯಾಗಿ ಕೂಗುತ್ತಿದ್ದೆ. ಒಂದು ಇಡೀ ಬಸ್ಸು ಒಬ್ಬ ಮನುಷ್ಯನ ಸಲುವಾಗಿ ರಸ್ತೆಯಲ್ಲಿ ನಿಲ್ಲುವುದು, ಆ ಮನುಷ್ಯ ನಾನಾಗಿರುವುದು! ಆ ಅನ್ಯಾಯ ತಡೆಯಲು ಇದ್ದದ್ದು ಒಂದೇ ದಾರಿ. ಹತ್ತಿದೆ. ನಿಯಮದ ಸಲುವಾಗಿ ಹತ್ತಿದೆ, ಕಾಲು ನೋಯುತ್ತಿದ್ದುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸೈಕಲ್ಲನ್ನು ಹಿಂದಿನ ಸೀಟುಗಳ ಸಂದಿಗೆ ತುರುಕಿದರು. ಪಕ್ಕದಲ್ಲಿ ಕೂತಿದ್ದವನು ಕೇಳಿದ: "ಏನಾತ್ರಿ ಸೈಕಲ್ಲಿಗೆ?" ಇಡೀ ಬಸ್ಸು ಕಿವಿಗೊಟ್ಟಿತ್ತು, ಮನೆಯಾಕೆಯೂ. ನನ್ನ ಬಾಯಿಂದ ಎಲ್ಲರಿಗೂ ಕೇಳುವಂತೆ ಬಂದ ಮಾತು ಇದು: "ದಾರ್ಯಾಗ ಬಿದ್ನಿರಿ. ನೋಡ್ರಿ, ಹ್ಯಾಂಡಲ್ ಹೆಂಗ ಬಾಗೇತಿ."

"ಅಯ್ಯ, ಪಾಪ!" ಎಂದಿತು ಬಸ್ಸು. ಮನೆಯಾಕೆ ನನ್ನ ಮುಖವನ್ನೊಮ್ಮೆ, ಹ್ಯಾಂಡಲನ್ನೊಮ್ಮೆ ನೋಡಿ, ಕಿಟಕಿಯ ಹೊರಗೆ ಮುಂದಿನ ಊರು ಹುನಗುಂದ ಎಷ್ಟು ದೂರವೆಂದು ನೋಡುವವಳಂತೆ ತಿರುಗಿ ಕೂತಳು. ಅವಳ ಹೆಗಲು ಸಣ್ಣಗೆ ಕುಣಿಯುತ್ತಿತ್ತು.

ಇಳಕಲ್ಲಿನಲ್ಲಿ ಬೀಗರಿಗೂ ಇದನ್ನೇ ಹೇಳಬೇಕಾಯಿತು. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಮಹಾಂತೇಶ ಬೆವರು ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದ. "ಮಾಮಾರ, ನೀವು ಬಾಯಿಬಿಟ್ಟು ಕೇಳೋರಲ್ಲ. ನಾನ ಗೆಳೆಯನ ಅಂಗಡಿಯಾಗ ರಿಪೇರಿ ಮಾಡಿಸಿ ತಂದೇನಿ," ಎಂದ. ಅವನ ಹಿಂದೆ ನನ್ನ ಸೈಕಲ್ಲು. ಟಗರಿನ ಕೋಡು ಹೋಗಿ ನೆಟ್ಟಗಿನ ಹ್ಯಾಂಡಲ್ ಬಂದಿತ್ತು. ಸ್ಟ್ಯಾಂಡ್, ಮಡ್‌ಗಾರ್ಡ್, ಗಂಟೆ, ಮತ್ತು ಒಂದು ಮೂಟೆ ಹೊರುವಂಥ ಕ್ಯಾರಿಯರ್. ಸಿಟ್ಟಾಗುವಂತೆಯೂ ಇರಲಿಲ್ಲ. ಬಿದ್ದು ಬಾಗಿತೆಂದು ಊರಿಗೆಲ್ಲ ಹೇಳಿದವನು ನಾನೇ ತಾನೇ?

ಮನೆಯಾಕೆ ಕ್ಯಾರಿಯರನ್ನು ಒತ್ತಿ ನೋಡಿದಳು. "ಇನ್ನ ಮಾರೂದು ಬ್ಯಾಡ ಬಿಡ್ರಿ. ಗಿರಣಿಗೆ ಜ್ವಾಳಾ ಒಯ್ಯಾಕ ಬರ್ತೈತಿ."

ಗಿರಣಿಗೆ ಹೋಗುವ ದಾರಿಯಲ್ಲಿ ಗುಡ್ಡವಿಲ್ಲ, ಗರಸಿಲ್ಲ, ಎಲ್ಲ ಡಾಂಬರು. ದಾರಿಯಲ್ಲಿ ಈಗ ಯಾರೂ ನನ್ನನ್ನು ನಿಲ್ಲಿಸುವುದಿಲ್ಲ, ಎಲ್ಲಿ ಬಿದ್ರಿ ಎಂದು ಕೇಳುವುದಿಲ್ಲ. ಎಲ್ಲರೂ ದಾರಿ ಬಿಟ್ಟು ಸರಿಯುತ್ತಾರೆ. ಹೀಗಾಗಿ ದಿನಾಲೂ ವೇಳೆಗೆ ಮೊದಲೇ ಹೋಗಿ, ಜೋಳದ ಚೀಲ ಇಳಿಸಿ, ಮುಚ್ಚಿದ ಬಾಗಿಲ ಮುಂದೆ ಕೂತು ಗಿರಣಿಯವನ ಮೇಲೆ ಸಿಟ್ಟಾಗುತ್ತಿರುತ್ತೇನೆ.