ಗಿರಣಿಯ ಆಚೆ

ಶನಿವಾರ ಬೆಳಿಗ್ಗೆ ಕಿಮೈಯೋ ಒಂದೇ ಒಂದು ಸಲ ಕೆಮ್ಮಿದ. ಒಲೆಗೆ ಹಸಿ ಸೌದೆ ಒಟ್ಟಿದ್ದರಿಂದ ಅಡುಗೆಮನೆಯಲ್ಲಿ ಹೊಗೆ ತುಂಬಿತ್ತು. ಅದೇ ಹೊಗೆಗೆ ಮೂಲೆಯಲ್ಲಿ ಮಲಗಿದ್ದ ಕುರಿಮರಿಯೂ ಕೆಮ್ಮಿತು. ಆದರೆ ಕುರಿಮರಿಯ ಕೆಮ್ಮನ್ನು ಯಾರೂ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

"ಶುರುವಾಯ್ತಾ?" ಎಂದರು ಅವನ ತಾಯಿ ತಪ್ಲೆಲೈ, ಚಹಾ ಸೋಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ.

"ಏನು ಶುರುವಾಯ್ತಾ?"

"ಅದೇ. ನಿನ್ನ ಕಾಯಿಲೆ."

"ಅಮ್ಮಾ, ನಂಗೆ ಯಾವ ಕಾಯಿಲೇನೂ ಇಲ್ಲ. ಹೊಗೆ ಕಣಮ್ಮಾ, ಹೊಗೆ!"

"ಆಯ್ತು ಮಗಾ, ಹೊಗೇನೇ," ಎಂದರು ತಾಯಿ. ರೋಗಿಯ ಜೊತೆ ವಾದಕ್ಕೆ ನಿಲ್ಲಬಾರದು ಎಂದು ತಿಳಿದವರ ದನಿ ಅದು.

ಈ ಕಾಯಿಲೆಯ ಕತೆಯನ್ನು ಸ್ವಲ್ಪ ಹೇಳಬೇಕು. ಕಿಮೈಯೋ ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಶಾಲೆಗೆ ಓಡುತ್ತಿದ್ದ. ನಮ್ಮ ಬೆಟ್ಟದೂರು ಕಪ್ಸಿಲಾಟ್‌ನಲ್ಲಿ ಎಲ್ಲ ಮಕ್ಕಳೂ ಓಡುತ್ತಾರೆ. ಆದರೆ ಕಿಮೈಯೋನ ಓಟದಲ್ಲಿ ಒಂದು ವಿಶೇಷವಿತ್ತು. ಏರಿರಲಿ, ಇಳಿಜಾರಿರಲಿ, ಅವನ ಹೆಜ್ಜೆ ಹೊಲಿಗೆ ಯಂತ್ರದ ಸೂಜಿಯಂತೆ ಒಂದೇ ಸಮ ಬೀಳುತ್ತಿತ್ತು. ಇದನ್ನು ಮೊದಲು ಕಂಡವರು ಶಾಲೆಯ ಮುಖ್ಯೋಪಾಧ್ಯಾಯರು. ಅವರ ಮೆಚ್ಚಿನ ಓಟಗಾರ ಒಬ್ಬನಿದ್ದ. ಮುಂದೆ ಯಾರಾದರೂ ಓಡಿದರೆ ಮಾತ್ರ ಅವನಿಗೆ ಕಾಲು ಬರುತ್ತಿತ್ತು. "ಮೈಯೋ, ನೀನು ಮುಂದೆ ಓಡು. ಸುಸ್ತಾದ್ರೆ ಮರದ ಕೆಳಗೆ ಕೂತ್ಕೋ, ಬಾಳೆಹಣ್ಣು ಕೊಡ್ತೀನಿ," ಎಂದರು ಮೇಷ್ಟ್ರು. ಕಿಮೈಯೋ ಓಡಿದ, ಕೂತ, ಬಾಳೆಹಣ್ಣು ತಿಂದ. ಗೆಲುವಿನ ಕಪ್ ಆ ಇನ್ನೊಬ್ಬನಿಗೆ ಹೋಯಿತು.

ಅಲ್ಲಿಂದ ಮುಂದೆಯೂ ಹಾಗೇ ನಡೆಯಿತು. ದೊಡ್ಡ ಮ್ಯಾರಥಾನ್‌ಗಳಲ್ಲಿ ಹೆಸರಾಂತ ಓಟಗಾರರ ಮುಂದೆ, ಗಾಳಿಗೆ ಎದೆಯೊಡ್ಡಿ, ಒಂದೇ ವೇಗದಲ್ಲಿ ಮೂವತ್ತು ಕಿಲೋಮೀಟರ್ ಓಡಿ, ಆಮೇಲೆ ಸದ್ದಿಲ್ಲದೆ ರಸ್ತೆ ಬಿಟ್ಟು ಇಳಿಯುವುದಕ್ಕೆಂದೇ ದುಡ್ಡು ಕೊಟ್ಟು ಒಬ್ಬನನ್ನು ಗೊತ್ತು ಮಾಡುತ್ತಾರೆ. ಓಟಗಾರರು ಅವನನ್ನು ಮೊಲ ಎನ್ನುತ್ತಾರೆ. ಕಿಮೈಯೋ ನಮ್ಮ ಕಡೆಯ ಅತ್ಯುತ್ತಮ ಮೊಲ. ನಾಲಿಗೆ ಹೊರಳದ ಹೆಸರಿನ ಊರುಗಳಿಗೆಲ್ಲ ವಿಮಾನದಲ್ಲಿ ಹೋಗಿ ಅರ್ಧಂಬರ್ಧ ಓಡಿ ಬಂದಿದ್ದ. ಅದರಿಂದಲೇ ಮನೆಗೆ ತಗಡಿನ ಸೂರು ಬಂತು, ಕೊಟ್ಟಿಗೆಗೆ ಹಸು ಬಂತು. ಆದರೆ ಓಟ ಮುಗಿಯುವ ಜಾಗದಲ್ಲಿ ಕಟ್ಟುವ ಆ ಬಿಳಿ ಪಟ್ಟಿ ಒಮ್ಮೆಯೂ ಅವನ ಎದೆಗೆ ತಾಗಲಿಲ್ಲ.

ತಪ್ಲೆಲೈ ಇದನ್ನೆಲ್ಲ ಪಕ್ಕದ ಮನೆಯ ಸಲೀನಾಳ ಟೀವಿಯಲ್ಲಿ ನೋಡುತ್ತಿದ್ದರು. ಅಷ್ಟು ಹೊತ್ತು ಎಲ್ಲರಿಗಿಂತ ಮುಂದಿರುವ ಮಗ ಇದ್ದಕ್ಕಿದ್ದಂತೆ ಮಾಯ!

"ಹೊಟ್ಟೆ ಹಿಡ್ಕೊಂಡಿರ್ಬೇಕು," ಎನ್ನುತ್ತಿದ್ದಳು ಸಲೀನಾ. ಅವಳಿಗೆ ಎಲ್ಲ ರೋಗಗಳ ಪರಿಚಯವೂ ಇತ್ತು.

ಕಿಮೈಯೋ ಎಷ್ಟೋ ಸಲ ಬಿಡಿಸಿ ಹೇಳಿದ್ದ. ತಾಯಿ ಪೂರ್ತಿ ಕೇಳಿಸಿಕೊಂಡು, "ಕೆಲಸ ಅರ್ಧಕ್ಕೆ ಬಿಟ್ಟು ಹೋದೋರಿಗೆ ಯಾವ ಊರಲ್ಲಿ ಸಂಬಳ ಕೊಡ್ತಾರೆ ಮಗಾ?" ಎಂದು ಅವನ ತಲೆ ಸವರುತ್ತಿದ್ದರು. ಹೆತ್ತವಳು ನೊಂದುಕೊಳ್ಳದಿರಲಿ ಎಂದು ಪಾಪ ಕಾಯಿಲೆ ಮುಚ್ಚಿಡುತ್ತಿದ್ದಾನೆ ಎಂದು ಅವರಿಗೆ ಖಚಿತವಾಗಿತ್ತು. ಪ್ರತಿ ಪ್ರಯಾಣಕ್ಕೂ ಅವನ ಚೀಲದ ತಳದಲ್ಲಿ ಒಂದು ಕಟ್ಟು ಕಹಿಬೇರು ತುರುಕಿಡುತ್ತಿದ್ದರು.

ಈ ವರ್ಷ ನಮ್ಮೂರಿನಲ್ಲೇ ಮೊದಲ ಸಲ ಮ್ಯಾರಥಾನ್ ಏರ್ಪಾಡಾಗಿತ್ತು. ಇದರಲ್ಲಿ ಮೊಲಗಳಿಲ್ಲ. ಕಿಮೈಯೋ ಎಲ್ಲರಂತೆ ಹೆಸರು ಕೊಟ್ಟಿದ್ದ. ವಯಸ್ಸು ಮೂವತ್ತೈದು ದಾಟಿತ್ತು. ಇನ್ನು ಹೆಚ್ಚು ಓಟಗಳು ಅವನ ಕಾಲಿನಲ್ಲಿ ಉಳಿದಿರಲಿಲ್ಲ. ಒಮ್ಮೆ, ಒಂದೇ ಒಮ್ಮೆ, ಆ ಪಟ್ಟಿಯನ್ನು ಎದೆಯಿಂದ ಹರಿಯಬೇಕು. ಅದನ್ನು ಅಮ್ಮ ಕಣ್ಣಾರೆ ನೋಡಬೇಕು. ಆರು ತಿಂಗಳಿನಿಂದ ಅವನು ಬೆಳಕು ಹರಿಯುವ ಮೊದಲು ಎದ್ದು ಓಡಿದ್ದು ಇಷ್ಟಕ್ಕೇ.

"ಅಮ್ಮಾ, ನೀನು ಶಾಲೆ ಮೈದಾನಕ್ಕೆ ಬಾ. ಓಟ ಮುಗಿಯೋದು ಅಲ್ಲೇ. ನಾನು ಕೊನೇವರೆಗೂ ಓಡಿ ಬರೋದನ್ನ ನೀನು ನೋಡ್ಬೇಕು," ಎಂದು ಷೂ ಕಟ್ಟುತ್ತಾ ಹೇಳಿದ.

ತಾಯಿ ಉತ್ತರ ಹೇಳುವ ಮೊದಲೇ ಬೇಲಿಯಾಚೆಯಿಂದ ಸಲೀನಾಳ ದನಿ ಬಂತು. "ಮೈಯೋ ಅಮ್ಮಾ, ಅವನೇನಾ ಕೆಮ್ಮಿದ್ದು?"

ಅಷ್ಟು ಸಾಕಾಯಿತು. ಕಿಮೈಯೋ ಅಂಗಳ ದಾಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಸಲೀನಾ ಕಷಾಯದ ಲೋಟ ಹಿಡಿದು ದಾರಿಗೆ ಅಡ್ಡ ನಿಂತಳು. "ಕುಡಿ. ಮೊನ್ನೆ ನಮ್ಮ ಹಸುಗೆ ಕೊಟ್ಟಿದ್ದೆ, ಸಾಯಂಕಾಲಕ್ಕೆ ಎದ್ದು ನಿಂತ್ಕೊಂಡ್ತು."

"ಅಕ್ಕಾ, ನಾನು ಆಗ್ಲೇ ನಿಂತಿದೀನಿ."

"ಮಾತಾಡ್ಬೇಡ, ಕುಡಿ."

ಕುಡಿದ. ನಮ್ಮೂರಿನಲ್ಲಿ ಬಾಗಿಲಿಗೆ ಕರೆದು ಕೊಟ್ಟದ್ದನ್ನು ಬೇಡ ಎಂದು ಯಾರೂ ಹೋಗುವುದಿಲ್ಲ. ಮುಂದಿನ ಮನೆಯಲ್ಲಿ ಶುಂಠಿ ಹಾಕಿದ ಚಹಾ. ಅದರ ಮುಂದಿನ ಮನೆಯಲ್ಲಿ ಹಾಲು ಹಾಕಿದ ಚಹಾ, "ಶುಂಠಿ ಉಷ್ಣ ಕಣಪ್ಪ, ಅದನ್ನ ಇದು ತಣಿಸತ್ತೆ" ಎಂಬ ಉಪದೇಶದೊಂದಿಗೆ. ತಿರುವಿನಲ್ಲಿ ಮುದುಕ ಚೆಬೋಯ್ ಏದುಸಿರು ಬಿಡುತ್ತಾ ಜೇನು ಹಿಡಿದು ಕಾಯುತ್ತಿದ್ದ. ಊದಿದ ಮಂಡಿ ಎಳೆದುಕೊಂಡು, ಆ ಜೇನು ಕೊಡಲೆಂದೇ ಅಷ್ಟು ದೊಡ್ಡ ಏರು ಹತ್ತಿ ಬಂದಿದ್ದ. ಕಿಮೈಯೋಗೆ ಕಣ್ಣು ತುಂಬಿತು, ಬಾಯಿಯೂ ತುಂಬಿತು. ಓಟ ಶುರುವಾಗುವ ಜಾಗ ತಲುಪುವಾಗ ಅವನ ಹೊಟ್ಟೆ ಕತ್ತೆಯ ಬೆನ್ನಿನ ಮೇಲಿನ ಅರ್ಧ ತುಂಬಿದ ಡಬ್ಬದಂತೆ ಕುಲುಕುತ್ತಿತ್ತು.

ಅಲ್ಲಿ ಪಿಕಪ್ ಗಾಡಿಯ ಸಿರ್ಮಾ ಸಿಕ್ಕ. ವಾರವಾರದ ಅಭ್ಯಾಸದ ದೂರದ ಓಟದಲ್ಲಿ ದಣಿದವರನ್ನು ಮನೆಗೆ ತರುವವನು ಅವನೇ. ಆ ದಾರಿಯಲ್ಲಿ ಮೂವತ್ತು ಕಿಲೋಮೀಟರಿಗೆ ಸರಿಯಾಗಿ ಜೋಳದ ಹಿಟ್ಟಿನ ಗಿರಣಿಯೊಂದಿದೆ. ಕಿಮೈಯೋ ಹನ್ನೆರಡು ವರ್ಷದಿಂದ ಅಲ್ಲೇ ರಸ್ತೆ ಬಿಟ್ಟು ಸಿರ್ಮಾನ ಗಾಡಿ ಹತ್ತುತ್ತಿದ್ದ. ಇವತ್ತಿನ ಓಟವೂ ಅದೇ ದಾರಿಯಲ್ಲಿ.

"ಗಿರಣಿ ಹತ್ರ ಇರ್ತೀನಿ ಮೈಯೋ. ಕಂಬಳಿ ಹಾಕಿಟ್ಟಿದೀನಿ," ಎಂದ ಸಿರ್ಮಾ.

"ಇವತ್ತು ಇಳಿಯಲ್ಲ ಕಣೋ. ಕೊನೇವರೆಗೂ ಓಡ್ತೀನಿ."

ಸಿರ್ಮಾ ಅವನ ಹಣೆ ಮುಟ್ಟಿ ನೋಡಿದ. "ಕೆಮ್ಮು ಅಂದ್ರು, ಜ್ವರಾನೂ ಇದೆಯಾ?"

ಓಟ ಶುರುವಾಯಿತು. ಕಿಮೈಯೋ ಮುಂದೆ ಹೋದ. ಹಿಂದೆ ಓಡುವುದು ಅವನಿಗೆ ಗೊತ್ತೇ ಇರಲಿಲ್ಲ. ನಮ್ಮೂರಿನ ಚಾಂಪಿಯನ್ ಯಾತೋರ್, ಅವನ ಹಿಂದೆ ಉಳಿದ ಹುಡುಗರು, ಬಸ್ಸಿನಲ್ಲಿ ಸೀಟು ಸಿಕ್ಕವರಂತೆ ನೆಮ್ಮದಿಯಾಗಿ ಕಿಮೈಯೋನ ಬೆನ್ನಿಗೆ ಅಂಟಿಕೊಂಡರು.

"ಮೈಯೋ ಅಣ್ಣಾ, ಏರಲ್ಲಿ ಸ್ವಲ್ಪ ಮೆಲ್ಲಗೆ. ರಾತ್ರಿ ಉಗಾಲಿ ಮುದ್ದೆ ಜಾಸ್ತಿ ಆಯ್ತು," ಎಂದ ಯಾತೋರ್.

ಕಿಮೈಯೋನ ಕಾಲು ತಾನಾಗಿ ಮೆಲ್ಲಗಾಯಿತು. ಮರುಕ್ಷಣ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. "ಲೋ, ನಾನಿವತ್ತು ಮೊಲ ಅಲ್ಲ! ಗೆಲ್ಲೋಕೆ ಓಡ್ತಿದೀನಿ!"

"ಹೌದಣ್ಣಾ, ಹೌದು," ಎಂದ ಯಾತೋರ್ ಪ್ರೀತಿಯಿಂದ. "ಸ್ವಲ್ಪ ಎಡಗಡೆ ಓಡು, ಗಾಳಿ ಆ ಕಡೆಯಿಂದ ಬರ್ತಿದೆ."

ಕಿಮೈಯೋ ಹಲ್ಲು ಕಚ್ಚಿ ಓಡಿದ. ಹೊಟ್ಟೆಯೊಳಗೆ ಎರಡು ಬಗೆಯ ಚಹಾ, ಹಸುವಿನ ಕಷಾಯ, ಚೆಬೋಯ್‌ನ ಜೇನು ಒಂದನ್ನೊಂದು ಪರಿಚಯ ಮಾಡಿಕೊಳ್ಳುತ್ತಿದ್ದವು. ಮಾಡಿಕೊಳ್ಳಲಿ ಎಂದು ಬಿಟ್ಟ. ಕೆಂಪು ಧೂಳು ಕಣ್ಣಿಗೆ ಬಂತು, ಒರೆಸಿಕೊಳ್ಳಲಿಲ್ಲ.

ಗಿರಣಿಯ ಹೊಗೆಕೊಳವೆ ಕಂಡದ್ದೇ ತಡ, ಅವನ ಎರಡೂ ಕಾಲುಗಳು ಕೊಟ್ಟಿಗೆ ಕಂಡ ಹಸುವಿನಂತೆ ರಸ್ತೆಯ ಅಂಚಿಗೆ ಸರಿಯತೊಡಗಿದವು. ಅವನ್ನು ಎಳೆದು ತಂದು ರಸ್ತೆಯ ನಡುವೆ ನಿಲ್ಲಿಸುವಷ್ಟರಲ್ಲಿ ಸಿರ್ಮಾನ ಗಾಡಿ ಕಂಡಿತು. ಗಾಡಿಯ ಮುಂದೆ ಸಲೀನಾ. ಸಲೀನಾಳ ಪಕ್ಕದಲ್ಲಿ, ಕಂಬಳಿಯನ್ನು ಎರಡೂ ಕೈಯಲ್ಲಿ ಹರಡಿ ಹಿಡಿದ ಅಮ್ಮ.

"ಅಮ್ಮಾ! ಮೈದಾನಕ್ಕೆ ಬಾ ಅಂದಿದ್ನಲ್ಲ! ಇಲ್ಲಿ ಯಾಕೆ ನಿಂತಿದೀಯ?"

"ನೀನು ಬೀಳೋದು ಇಲ್ಲೇ ಅಲ್ವಾ ಮಗಾ," ಎಂದರು ತಾಯಿ. "ಅದಕ್ಕೇ ಇಲ್ಲೇ ನಿಂತ್ಕೊಂಡೆ."

ಕಿಮೈಯೋ ನಿಲ್ಲಲಿಲ್ಲ. "ನಾನು ಬೀಳಲ್ಲಮ್ಮಾ! ಮೈದಾನಕ್ಕೆ ನಡಿ, ಬೇಗ ನಡಿ!" ಎಂದು ಕೂಗುತ್ತಾ, ಹನ್ನೆರಡು ವರ್ಷದಲ್ಲಿ ಮೊದಲ ಸಲ ಗಿರಣಿ ದಾಟಿದ.

"ಅಯ್ಯೋ, ತಲೆಗೇ ಏರಿಬಿಡ್ತು!" ಎಂದು ಸಲೀನಾ ಬಾಯಿ ಬಡಿದುಕೊಂಡಳು. "ಸಿರ್ಮಾ, ಬಿಡೋ ಗಾಡೀನ!"

ಇತ್ತ ಓಟಗಾರರ ನಡುವೆ ಬೇರೆಯೇ ಗೊಂದಲ. ಅವರು ಯಾವತ್ತೂ ರಸ್ತೆ ನೋಡಿಕೊಂಡು ಓಡಿದವರಲ್ಲ, ಕಿಮೈಯೋನ ಬೆನ್ನು ನೋಡಿಕೊಂಡು ಓಡಿದವರು. ಆ ಬೆನ್ನು ರಸ್ತೆಯಿಂದ ಇಳಿದಾಗಲೇ ಅವರ ನಿಜವಾದ ಓಟ ಶುರುವಾಗುತ್ತಿದ್ದದ್ದು.

"ಗಿರಣಿ ಬಂತೇನೋ?" ಎಂದು ಒಬ್ಬ ಕೇಳಿದ.

"ಎಲ್ಲಿ ಬಂತು? ಮೈಯೋ ಅಣ್ಣ ಇನ್ನೂ ಓಡ್ತಿಲ್ವಾ?" ಎಂದ ಯಾತೋರ್. "ಸುಮ್ನೆ ಶಕ್ತಿ ಉಳಿಸ್ಕೊಳ್ರೋ."

ಅವರು ಶಕ್ತಿ ಉಳಿಸಿಕೊಳ್ಳುತ್ತಿದ್ದಾಗ ಸಿರ್ಮಾನ ಗಾಡಿ ಧೂಳೆಬ್ಬಿಸುತ್ತಾ ಅವರನ್ನು ದಾಟಿ ಮುಂದೆ ಹೋಯಿತು. ಆ ಧೂಳಿನಲ್ಲಿ ಕಿಮೈಯೋನ ಬೆನ್ನೂ ಕಾಣದಂತಾಯಿತು. ಹಿಂದೆ ಬರುತ್ತಿದ್ದದ್ದು ಯಾತೋರ್ ಒಬ್ಬನೇ ಆಗಿದ್ದರೆ ಕಿಮೈಯೋ ಅಷ್ಟು ವೇಗವಾಗಿ ಓಡುತ್ತಿದ್ದನೋ ಇಲ್ಲವೋ. ಆದರೆ ಬರುತ್ತಿದ್ದದ್ದು ಅಮ್ಮ, ಕಂಬಳಿ ಸಮೇತ.

"ನಿಲ್ಲು ಮಗಾ, ಸಾಕು! ಸೂರು ಹಾಕ್ಸಿದೀಯ, ಹಸು ತಂದಿದೀಯ, ಇನ್ನೇನು ಬೇಕು ನಮ್ಗೆ?"

"ನೀನು ನೋಡ್ಬೇಕಮ್ಮಾ!"

"ನೋಡ್ತಾನೇ ಇದೀನಲ್ಲೋ, ಅದಕ್ಕೇ ನಿಲ್ಲು ಅಂತಿರೋದು! ಮುಖ ನೋಡು, ಬೂದಿ ಬಳ್ಕೊಂಡ ಹಾಗಿದೆ!"

ಸಂತೆಪೇಟೆಯ ಬಳಿ ಪೊಲೀಸಿನವನು ಗಾಡಿಗೆ ಕೈ ಅಡ್ಡ ಹಿಡಿದ. ಮುಂದೆ ಓಟಗಾರರಿಗೆ ಮಾತ್ರ ದಾರಿ. ಕಿಮೈಯೋ ಪೇಟೆಯನ್ನು ಸುತ್ತಿಕೊಂಡು ಹೋಗಬೇಕಿತ್ತು. ತಪ್ಲೆಲೈ ಗಾಡಿಯಿಂದ ಇಳಿದರು. ಲಂಗವನ್ನು ಮಂಡಿಗೆ ಎತ್ತಿ ಕಟ್ಟಿದರು, ಕಂಬಳಿ ಹೆಗಲಿಗೆ ಹಾಕಿಕೊಂಡರು. ಆಯುಷ್ಯವಿಡೀ ಕಣಿವೆಯ ಅಂಚಿನಲ್ಲಿ ನೀರು ಹೊತ್ತು ಹತ್ತಿ ಇಳಿದ ಕಾಲು ಅವರದು. ಶಾಲೆಯ ಬೇಲಿಯಲ್ಲಿ ಆಡುಗಳು ನುಗ್ಗುವ ಸಂದಿ ಯಾವುದೆಂದು ಅವರಿಗೆ ಗೊತ್ತಿತ್ತು. ಮುದುಕಿ ಅಡ್ಡದಾರಿಯಲ್ಲಿ ಓಡಿದರು.

ಕಿಮೈಯೋ ಮೈದಾನಕ್ಕೆ ಬಂದಾಗ ಹಿಂದೆ ಯಾರೂ ಇರಲಿಲ್ಲ. ಮುಂದೆ, ಇಬ್ಬರು ಉಪಾಧ್ಯಾಯಿನಿಯರ ನಡುವೆ, ಬಿಳಿ ಪಟ್ಟಿ ಗಾಳಿಗೆ ನಡುಗುತ್ತಿತ್ತು. ಜನ ಕೂಗುತ್ತಿದ್ದರು. ಕಾಲು ಸತ್ತಿತ್ತು, ಉಸಿರು ಸುಡುತ್ತಿತ್ತು, ಆದರೂ ಹೆಜ್ಜೆ ಹೊಲಿಗೆ ಯಂತ್ರದಂತೆ ಬೀಳುತ್ತಿತ್ತು. ಅವನು ಕೈ ಎರಡೂ ಚಾಚಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಎದೆ ಮುಂದೆ ಮಾಡಿದ.

ಕಣ್ಣು ಮುಚ್ಚಿದ್ದರಿಂದ ಅವನು ಒಂದು ಸಂಗತಿಯನ್ನು ನೋಡಲಿಲ್ಲ. ಅವನಿಗಿಂತ ಹತ್ತು ಹೆಜ್ಜೆ ಮುಂದೆ ಬೇಲಿಯ ಸಂದಿಯಿಂದ ತಪ್ಲೆಲೈ ಹೊರಬಂದರು. ಎದುರಿನಿಂದ ಹಿಡಿಯಬೇಕಾದರೆ ಸ್ವಲ್ಪ ಮುಂದೆ ಹೋಗಿ ತಿರುಗಿಕೊಳ್ಳಬೇಕಲ್ಲ. ಅದಕ್ಕಾಗಿ ಪಟ್ಟಿಯತ್ತ ಓಡಿದರು. ಯಾರೋ ಆಡು ಬಾರದಿರಲಿ ಎಂದು ಕಟ್ಟಿದ್ದಾರೆಂದುಕೊಂಡು ಪಟ್ಟಿಯನ್ನು ಎದೆಯಿಂದಲೇ ಹರಿದು ದಾಟಿದರು. ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರು ತಿರುಗಿ, ಎರಡು ಹೆಜ್ಜೆ ಹಿಂದೆ ಬಂದು, ಕಂಬಳಿ ಹರಡಿದರು.

ಎದೆಗೆ ಏನೋ ತಾಗಿದ್ದು ಕಿಮೈಯೋಗೆ ಗೊತ್ತಾಯಿತು. ಆಹಾ, ಬಂತು! ಎಂದುಕೊಂಡ. ಪಟ್ಟಿ ಇಷ್ಟು ದಪ್ಪಗಿರುತ್ತದೆಯೇ, ಉಣ್ಣೆಯದಿರುತ್ತದೆಯೇ ಎಂದು ಯೋಚಿಸುವಷ್ಟರಲ್ಲಿ ಕತ್ತಲಾಯಿತು.

"ಸಿಕ್ದ! ಕೂತ್ಕೋ ಮಗಾ, ಕೂತ್ಕೋ," ಎಂದಿತು ಕತ್ತಲು.

ಅವನು ಕೂತ. ಕೂತದ್ದು ಓಟ ಮುಗಿಯುವ ಗೆರೆಗೆ ಒಂದು ಮೊಳ ಈಚೆ. ಕಂಬಳಿಯೊಳಗಿಂದ ತಲೆ ಹೊರಬರುವ ಮೊದಲೇ ಯಾತೋರ್ ಪಕ್ಕದಲ್ಲಿ ದಾಟಿ ಹೋದ. ಪಟ್ಟಿ ಕಾಣದ್ದರಿಂದ, ಇನ್ನೊಂದು ಸುತ್ತು ಇದೆಯೇನೋ ಎಂದುಕೊಂಡು ಅವನು ಓಡುತ್ತಲೇ ಹೋದ. ಇಬ್ಬರು ಹೋಗಿ ಹಿಡಿದು ತರಬೇಕಾಯಿತು.

ತೀರ್ಪುಗಾರರು ಒಳ್ಳೆಯವರು. ಮೊದಲು ತಪ್ಲೆಲೈಗೆ ಕುರ್ಚಿ ತಂದು ಹಾಕಿದರು, ನೀರು ಕೊಟ್ಟರು. ಆಮೇಲೆ ಕಿಮೈಯೋನ ಹೆಗಲು ಮುಟ್ಟಿ, "ಬೇಜಾರು ಮಾಡ್ಕೋಬೇಡಪ್ಪ. ಗೆರೆ ದಾಟೋ ಮೊದ್ಲು ಬೇರೆಯವರು ಹಿಡ್ಕೊಂಡ್ರೆ ಓಟ ಲೆಕ್ಕಕ್ಕಿಲ್ಲ. ಅಮ್ಮ ಆದ್ರೂ ಅಷ್ಟೇ," ಎಂದರು. ಹೇಳುವಾಗ ಅವರೂ ಕಣ್ಣು ಒರೆಸಿಕೊಂಡರು. ಯಾತೋರ್ ತನ್ನ ಪದಕವನ್ನು ಎರಡು ಸಲ ಕಿಮೈಯೋನ ಕೊರಳಿಗೆ ಹಾಕಲು ಬಂದ; ಕಿಮೈಯೋ ಎರಡು ಸಲವೂ ತೆಗೆದು ವಾಪಸು ಕೊಟ್ಟ. ಫೋಟೊ ತೆಗೆಯುವವರಿಗೆ ಇಬ್ಬರೂ ಬೇಕಿರಲಿಲ್ಲ. ಅವರೆಲ್ಲ ಕುರ್ಚಿಯ ಸುತ್ತ ನೆರೆದಿದ್ದರು.

ಸಂಜೆ ಸಿರ್ಮಾನ ಗಾಡಿಯ ಹಿಂಬದಿಯಲ್ಲಿ ತಾಯಿ ಮಗ ಒಂದೇ ಕಂಬಳಿ ಹೊದ್ದು ಮನೆಗೆ ಹೊರಟರು. ಕಿಮೈಯೋ ತಡೆಯಲಾರದೆ ಕೇಳಿದ.

"ಅಮ್ಮಾ, ಆ ಪಟ್ಟಿ ಎದೆಗೆ ತಾಗ್ದಾಗ ಹೇಗನ್ನಿಸ್ತು?"

ತಾಯಿ ಯೋಚಿಸಿದರು. "ಏನೂ ಇಲ್ಲ ಕಣೋ. ಬೆಳಿಗ್ಗೆ ಕೊಟ್ಟಿಗೆ ಬಾಗಿಲಲ್ಲಿ ಜೇಡರ ಬಲೆ ತಾಗತ್ತಲ್ಲ, ಹಾಗೆ. ಆದ್ರೆ ಜನ ಎಷ್ಟು ಒಳ್ಳೆಯವ್ರು! ಒಂದು ಬಲೆ ಹರಿದಿದ್ದಕ್ಕೆ ಎಷ್ಟು ಚಪ್ಪಾಳೆ!"

ಆಮೇಲೆ ಕಂಬಳಿಯನ್ನು ಅವನ ಕಡೆಗೆ ಇನ್ನಷ್ಟು ಎಳೆದು, ತಗ್ಗಿದ ದನಿಯಲ್ಲಿ ಹೇಳಿದರು:

"ಮುಂದಿನ ವರ್ಷ ನೀನು ಗಿರಣಿವರೆಗೆ ಓಡಿದ್ರೆ ಸಾಕು ಮಗಾ. ಅಲ್ಲಿಂದಾಚೆಗೆ ನಾನಿದೀನಲ್ಲ."