ಟೀವಿ ಒಳಗಿನ ಮನೆ, ಮುಚ್ಚಳ ಇಲ್ಲದ ಸಂಪು

ಕರಣೆ ಹಿಡಿದ ಈ ಬಲಗೈ ಮೇಲೆ ಆಣೆ, ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ. ನಂಬದೇ ಇರೋರು ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ನಮ್ಮ ಅಳಿಯಂದ್ರನ್ನ ಕೇಳ್ಕೊಳ್ಳಿ, ಅವರೇನು ನನ್ನ ಪರ ಮಾತಾಡೋ ಜನ ಅಲ್ಲ. ನನಗೆ ಇಂಥವು ಆಗ್ತಾನೇ ಇರ್ತವೆ. ಮೈಸೂರಲ್ಲಿದ್ರೂ ಬಿಡಲ್ಲ, ವಿಮಾನ ಹತ್ತಿದ್ರೂ ಹಿಂದೇನೇ ಬರ್ತವೆ.

ನಾನು ಓದಿರೋದು ನಾಲ್ಕನೇ ಕ್ಲಾಸು. ಗಾರೆ ಮೇಸ್ತ್ರಿ. ನಾನು ಕಟ್ಟಿದ ಮನೆಗಳ್ನ ಒಂದರ ಪಕ್ಕ ಒಂದು ನಿಲ್ಲಿಸಿದ್ರೆ ಮೈಸೂರಿಂದ ನಂಜನಗೂಡು ಮುಟ್ಟತ್ತೆ. ಒಂದರಲ್ಲೂ ಬಿರುಕು ತೋರಿಸಿ ನೋಡೋಣ. ಮಗಳು ಡಾಕ್ಟ್ರು, ಅಳಿಯ ಕಂಪ್ಯೂಟರ್ ಕೆಲಸದೋರು, ಬರ್ಮಿಂಗ್‌ಹ್ಯಾಮ್ ಪಕ್ಕದ ಸಟನ್ ಕೋಲ್ಡ್‌ಫೀಲ್ಡಲ್ಲಿ ಮನೆ ತಗೊಂಡವ್ರೆ. ಎರಡು ಸಾವಿರದ ಒಂಬತ್ತರ ಚಳೀಲಿ ಅಲ್ಲಿಗೆ ಹೋದೆ. ಒಳಗೆ ಕಾಲಿಟ್ಟು ಗೋಡೆ ತಟ್ಟಿ ನೋಡಿದ್ರೆ ಡಬ್ ಅಂತು. ಒಳಗೆಲ್ಲ ಟೊಳ್ಳು, ಬರೀ ಹಲಗೆ. ಇದಕ್ಕೆ ಇಪ್ಪತ್ತೈದು ವರ್ಷ ಮಾರ್ಟ್ಗೇಜ್ ಸಾಲ ಕಟ್ಟಬೇಕಂತೆ. ಅವತ್ತು ಶುರುವಾದ ದಿಗಿಲು ಮೂರು ತಿಂಗಳು ಇಳೀಲಿಲ್ಲ.

ಅಳಿಯನ ಜೀವ

ಬಂದ ಮಾರನೇ ದಿನ ಕಾಫಿ ಕುಡೀತಾ ಕೂತಿದ್ದೆ. ಮುಂದಿನ ರೂಮಿಂದ ಅಳಿಯಂದ್ರು, "ಅಯ್ಯೋ, ಸತ್ತೆ," ಅಂದ್ರು.

ಕಾಫಿ ಲೋಟ ಅಲ್ಲೇ ಬಿಟ್ಟು ಓಡಿದೆ. ನೋಡಿದ್ರೆ ಸೋಫಾ ಮೇಲೆ ಆರಾಮಾಗಿ ಕೂತವ್ರೆ. ಕೈಯಲ್ಲೊಂದು ಗುಂಡಿ ಗುಂಡಿ ಇರೋ ರಿಮೋಟು, ಟೀವೀಲಿ ಅಂಗೈ ಉದ್ದದ ಒಂದು ಗೊಂಬೆ.

"ಏನಾಯ್ತು ಅಳಿಯಂದ್ರೇ? ಯಾರು ಸತ್ರು?"

"ನಾನೇ ಮಾವ. ಹಳ್ಳಕ್ಕೆ ಬಿದ್ದೆ. ಪರವಾಗಿಲ್ಲ, ಇನ್ನೂ ಮೂರು ಜೀವ ಇದೆ."

ಆಟ ಅಂತೆ. ಗೊಂಬೆ ಓಡಬೇಕು, ಹಳ್ಳ ಬಂದ್ರೆ ಹಾರಬೇಕು, ಕಲ್ಲು ಬಂದ್ರೆ ಹತ್ತಬೇಕು, ಕೊನೇಲಿರೋ ಬಾವುಟ ಮುಟ್ಟಬೇಕು. ಮೂವತ್ತೈದು ವರ್ಷದ ಗಂಡಸು, ತಲೆ ಮೇಲೆ ಸಾಲ ಇರೋ ಮನುಷ್ಯ, ಹಗಲು ಹೊತ್ತಲ್ಲಿ ಇದನ್ನ ಮಾಡ್ತಾ ಇದ್ರು.

ಮಗಳು ಆಸ್ಪತ್ರೆಯಿಂದ ಬಂದ್ಮೇಲೆ ಪಕ್ಕಕ್ಕೆ ಕರೆದು ಹೇಳ್ದೆ, "ಅಲ್ಲಮ್ಮ, ನಿನ್ನ ಗಂಡ ದಿನಾ ಸಾಯ್ತಾನಂತೆ, ನಿಂಗೆ ಗೊತ್ತಾ?"

"ಗೊತ್ತಪ್ಪ," ಅಂದ್ಲು. "ಅಡುಗೆಮನೇಲಿ ಪಾತ್ರೆ ಇರೋವಾಗ್ಲೇ ಜಾಸ್ತಿ ಸಾಯೋದು."

ಗಾಳೀಲಿ ನಿಂತ ಇಟ್ಟಿಗೆ

ಅದೇ ಮನೇಲಿ ನಮ್ಮ ಬೀಗರೂ ಇದ್ರು. ಅಳಿಯಂದ್ರ ತಂದೆ. ಸರ್ಕಾರಿ ಇಂಜಿನಿಯರ್ ಆಗಿ ರಿಟೈರ್ ಆದೋರು. ಸರ್ವೀಸ್ ಪೂರ್ತಿ ನಮ್ಮಂಥೋರನ್ನ ಬಿಸಿಲಲ್ಲಿ ನಿಲ್ಲಿಸಿ, ತಾವು ಜೀಪಲ್ಲಿ ಕೂತು ಕೈ ತೋರಿಸಿದೋರು. ನನ್ನ ಈಗಲೂ "ಮೇಸ್ತ್ರಿಗಳೇ" ಅಂತಾನೇ ಕರೀತಾರೆ.

ಆ ಆಟದಲ್ಲಿ ಇನ್ನೊಂದು ವಿಷಯ ಇತ್ತು. ಬರೀ ಓಡೋದಲ್ಲ, ನಾವೇ ಕಟ್ಟಬಹುದು. ಇಟ್ಟಿಗೆ, ಮರ, ಕಲ್ಲು, ನೀರು, ಎಲ್ಲ ಅದರಲ್ಲೇ ಇದೆ. ಕಟ್ಟಿ ಮುಗಿಸಿ ಒಂದು ಗುಂಡಿ ಒತ್ತಿದ್ರೆ ಲೋಕದ ಜನ ಎಲ್ಲ ತಮ್ಮ ತಮ್ಮ ಮನೇಲಿ ಕೂತು ಅದರೊಳಗೆ ಬಂದು ಓಡಾಡ್ತಾರೆ. ಬೀಗರು ಮಗನ ಹತ್ರ ಕಲಿತು ಒಂದು ಸೇತುವೆ ಕಟ್ಟಿದ್ರು. ಬಗ್ಗಿ ಅದರ ಅಡಿ ನೋಡ್ದೆ. ಕೆಳಗೆ ಕಂಬ ಇಲ್ಲ, ಪಾಯ ಇಲ್ಲ. ಇಟ್ಟಿಗೆ ಗಾಳೀಲಿ ನಿಂತಿದೆ.

"ಬೀಗ್ರೇ, ಇದಕ್ಕೆ ಆಸರೆ ಎಲ್ಲಿ?"

"ಇಲ್ಲಿ ಆಸರೆ ಬೇಡ ಮೇಸ್ತ್ರಿಗಳೇ, ಹಂಗೇ ನಿಂತ್ಕೊಳತ್ತೆ."

"ಸರ್ಕಾರಿ ಸೇತುವೆ ಅಲ್ವಾ, ಉದ್ಘಾಟನೆ ತನಕ ನಿಂತ್ಕೊಳತ್ತೆ ಬಿಡಿ."

ಅವರಿಗೆ ಸಿಟ್ಟು ಬಂತು. "ನೀವೊಂದು ಕಟ್ಟಿ ತೋರ್ಸಿ. ಬಂದೋರೆಲ್ಲ ಬಿದ್ದು ಸಾಯ್ತಾರೆ."

"ನಾ ಕಟ್ಟಿದ ಮನೇಲಿ ಇವತ್ತಿನ ತನಕ ಒಂದು ಕೂಸು ಜಾರಿ ಬಿದ್ದಿಲ್ಲ. ಒಂದು ಸಲ ಬಿದ್ರೆ ಒಂದು ರೂಪಾಯಿ ಕೊಡ್ತೀನಿ."

"ಯಾರು ಬಿದ್ರೂ?"

"ಯಾರಾದ್ರೂ ಬೀಳಲಿ."

ಅಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿತ್ತು. ಬೀಗರು ಮೈಸೂರಲ್ಲಿ ಒಂದು ಸೈಟ್ ಇಟ್ಕೊಂಡಿದ್ರು. ಅಲ್ಲಿ ಮನೆ ಕಟ್ಟೋಕೆ ಮೇಸ್ತ್ರಿ ಹುಡುಕ್ತಾ ಇದ್ರು, ನನ್ನ ಬಿಟ್ಟು ಊರೋರನ್ನೆಲ್ಲ ವಿಚಾರಿಸಿದ್ರು. ಮಗಳ ಮಾವನ ಮನೆ ಬೇರೆಯೋನು ಕಟ್ಟೋದಾ? ನಾನು ಯಾವ ಮುಖ ಇಟ್ಕೊಂಡು ಆ ರಸ್ತೇಲಿ ಓಡಾಡಲಿ? ಅದು ಅವರಿಗೂ ಗೊತ್ತು.

"ಯುಗಾದಿ ತನಕ ಸಾವಿರ ರೂಪಾಯಿ ಒಳಗೆ ನಿಂತ್ರೆ ನನ್ನ ಮನೆ ನೀವೇ ಕಟ್ಟಿ, ನಾನು ಬಾಯಿ ಹಾಕಲ್ಲ. ಸಾವಿರ ದಾಟಿದ್ರೆ ನನ್ನ ಸೈಟ್ ಹತ್ರ ಸುಳೀಬಾರದು," ಅಂದ್ರು ಬೀಗರು.

ಕೈ ಕೈ ಹಿಡಿದ್ವಿ. ಯಾರು ಎಷ್ಟು ಸಲ ಬಿದ್ರು ಅಂತ ಆಟಾನೇ ಲೆಕ್ಕ ಇಡತ್ತಂತೆ. ಅಳಿಯಂದ್ರು ಇಬ್ಬರ ಮಧ್ಯೆ ಕೂತು, "ಯುಗಾದಿ ದಿನ ತೆಗೆದು ತೋರಿಸ್ತೀನಿ. ಅಲ್ಲಿ ತನಕ ಇಬ್ಬರೂ ನನ್ನ ಕೇಳಬೇಡಿ, ನಾನು ಸತ್ತೆ ಅಂದ್ಕೊಳ್ಳಿ," ಅಂದ್ರು. ಅದೇನು ಅವರಿಗೆ ಹೊಸದಲ್ಲ.

ಈಶಾನ್ಯ ಯಾವ ಕಡೆ

ಪಾಯ ತೆಗೆದೆ. ಆಟದಲ್ಲಿ ಬೇಡ ಅಂದ್ರೂ ತೆಗೆದೆ. ಮೇಲೆ ಮನೆ, ಮುಂದೆ ಗೇಟು, ಮೆಟ್ಟಿಲು ಆರು ಇಂಚಿನ ಲೆಕ್ಕದಲ್ಲಿ. ಮನೆ ಅಂದ್ಮೇಲೆ ನೀರಿನ ಸಂಪು ಬೇಕಲ್ಲ. ಸಂಪು ಈಶಾನ್ಯದಲ್ಲೇ ಬರಬೇಕು. ಆದ್ರೆ ಟೀವಿ ಒಳಗೆ ಈಶಾನ್ಯ ಯಾವ ಕಡೆ?

ಅಳಿಯಂದ್ರಿಗೆ ಗೊತ್ತಿರ್ಲಿಲ್ಲ. ಲಕ್ಷಗಟ್ಲೆ ಸಂಬಳ ತಗೊಳ್ಳೋರು, ಈಶಾನ್ಯ ಗೊತ್ತಿಲ್ಲ. ಬೀಗರು, "ಟೀವಿ ಯಾವ ಕಡೆ ಮುಖ ಮಾಡಿದೆಯೋ ನೋಡ್ಕೊಳ್ಳಿ," ಅಂದ್ರು. ನಾನು ಹೊರಗೆ ಹೋಗಿ ಸೂರ್ಯ ನೋಡಿ ದಿಕ್ಕು ಹಿಡಿಯೋಣ ಅಂದ್ರೆ ಆ ಊರಲ್ಲಿ ಸೂರ್ಯ ಇಲ್ಲ. ನಾಕು ದಿನ ಕಾದೆ. ಐದನೇ ದಿನ ಇಷ್ಟೇ ಇಷ್ಟು ಮುಖ ತೋರಿಸ್ದ. ಓಡಿ ಬಂದು ಗುರುತು ಹಾಕ್ದೆ.

ಈಶಾನ್ಯ ಸರಿಯಾಗಿ ಗೇಟಿಗೂ ಬಾಗಿಲಿಗೂ ನಡುವೆ ಬಂತು. ಅಲ್ಲೇ ಸಂಪು ತೋಡಿಸ್ದೆ. ಆಳ ಎಂಟಡಿ.

"ಮಾವ, ಮುಚ್ಚಳ?"

"ಮುಚ್ಚಳ ಹಾಕೋದು ಗೃಹಪ್ರವೇಶ ಆದ್ಮೇಲೆ. ನೀರು ನಿಲ್ಲತ್ತೋ ಸೋರತ್ತೋ ನೋಡಬೇಡ್ವಾ?"

ಬೀಗರು ಏನೂ ಮಾತಾಡ್ಲಿಲ್ಲ. ಆ ಮನುಷ್ಯ ಬಾಯಿ ಮುಚ್ಕೊಂಡಿದ್ದು ನೋಡಿ ನನಗಾಗಲೇ ಅನುಮಾನ ಬರಬೇಕಿತ್ತು.

ಹಾಲು ಉಕ್ಕಿಸಿದ್ದು

ಹೊಸ ಮನೆಗೆ ಹಾಲು ಉಕ್ಕಿಸದೇ ಜನರನ್ನ ಬಿಡೋಕಾಗತ್ತಾ? ಭಾನುವಾರ ಬೆಳಗ್ಗೆ ಟೀವಿ ಮುಂದೆ ಪುಟ್ಟ ಕರೆಂಟ್ ಒಲೆ ಇಟ್ಟು, ಹಾಲಿಟ್ಟು, ಊದುಬತ್ತಿ ಹಚ್ಚಿ, ಗುಂಡಿ ಒತ್ತಿ ಅಂದೆ. ಅಳಿಯಂದ್ರು ಗುಂಡಿ ಒತ್ತೋದೂ, ಹಾಲು ಉಕ್ಕೋದೂ, ತಲೆ ಮೇಲೆ ಹೊಗೆ ಹಿಡಿಯೋ ಡಬ್ಬಿ ಕಿರುಚೋದೂ ಒಟ್ಟಿಗೇ ಆಯ್ತು. ಬೀದಿ ಪೂರ್ತಿ ಕೇಳಿಸ್ತು. ಅಳಿಯಂದ್ರು ಕುರ್ಚಿ ಮೇಲೆ ನಿಂತು ಟವಲ್ ಬೀಸ್ತಾ ಇದ್ರು, ಹಾಲು ಕಾರ್ಪೆಟ್ ಮೇಲೆ ಹರೀತಾ ಇತ್ತು.

ಪಕ್ಕದ ಮನೆ ಇಂಗ್ಲಿಷ್ ಅಜ್ಜಿ ಬಾಗಿಲು ಬಡಿದ್ರು. ಬೆಂಕಿ ಬಿದ್ದಿದೆಯಾ ಅಂತ. ಮಗಳು, ಇಲ್ಲ, ನಮ್ಮಪ್ಪ ಹೊಸ ಮನೆ ಕಟ್ಟಿದ್ದಾರೆ, ಅದರ ಪೂಜೆ ಅಂತ ಹೇಳಿದ್ಲು. ಅಜ್ಜಿ ಬಂದು ಹೊಗೆ ಮಧ್ಯೆ ಟೀವಿ ನೋಡಿ, ಚೆನ್ನಾಗಿದೆ ಅಂದ್ರು. ಬಂದೋರ್ನ ಬರಿಗೈಲಿ ಕಳಿಸಬಾರದಲ್ಲ, ರಿಮೋಟ್ ಕೈಗೆ ಕೊಟ್ಟೆ. ಅಜ್ಜಿ ಗೇಟು ದಾಟಿದ್ರು, ಎರಡು ಹೆಜ್ಜೆ ಇಟ್ರು, ಸಂಪಿಗೆ ಬಿದ್ರು.

ಬಿದ್ದು ನನ್ನ ಕಡೆ ತಿರುಗಿ "ಸಾರಿ" ಅಂದ್ರು.

ನಮ್ಮೂರಲ್ಲಾಗಿದ್ರೆ ಬಿದ್ದೋರು ನಮ್ಮ ಮೂರು ತಲೆಮಾರು ಜಾಲಾಡಿರೋರು. ಮಾರನೇ ದಿನ ಒಂದು ಕಾರ್ಡು ಬಂತು. ಹೊಸ ಮನೇಲಿ ಸುಖವಾಗಿರಿ ಅಂತ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ರಂತೆ: ನಿಮ್ಮ ಬಾವಿಗೆ ನನ್ನಿಂದ ಏನೂ ಹಾಳಾಗಿಲ್ಲ ತಾನೆ?

ದೃಷ್ಟಿ ಬೊಂಬೆ

ಒಂದು ಬಿತ್ತಲ್ಲ, ಯಾರದೋ ಕಣ್ಣು ತಾಗಿದೆ ಅಂತ ನನಗೆ ಖಾತ್ರಿ ಆಯ್ತು. ಪಂದ್ಯದ ಪ್ರಕಾರ ಮನೆ ಒಪ್ಪಿಸಿದ್ಮೇಲೆ ರಿಪೇರಿ ಇಲ್ಲ ಅಂತ ಬೀಗರು ಹಠ ಹಿಡಿದು ಕೂತ್ರು. ಮುಚ್ಚಳ ಹಾಕೋ ಹಂಗಿಲ್ಲ. ದೃಷ್ಟಿ ಬೊಂಬೆ ರಿಪೇರಿ ಅಲ್ವಲ್ಲ, ಅದಕ್ಕೆ ಒಪ್ಪಿದ್ರು. ಅಳಿಯಂದ್ರ ಕೈಲಿ ಬರೆಸ್ದೆ. ದಪ್ಪ ಮೀಸೆ, ಕೋರೆ ಹಲ್ಲು, ಇಷ್ಟುದ್ದ ನಾಲಗೆ. ಬಾಗಿಲ ಮೇಲೆ ತೂಗುಹಾಕಿದ್ವಿ.

ಮಾರನೇ ದಿನ ನೋಡ್ತೀನಿ, ಬಂದೋರೆಲ್ಲ ಅದಕ್ಕೆ ಹೊಡೀತಾ ಇದ್ದಾರೆ. ಹಾರಿ ಹಾರಿ ತಲೇಲಿ ಗುದ್ದೋದು. ಅದು ಕದಲಲ್ಲ, ಇವರು ಬಿಡಲ್ಲ. ಯಾವನೋ ಒಬ್ಬ ಬರೆದಿದ್ದ, ಅಳಿಯಂದ್ರು ಓದಿ ಹೇಳಿದ್ರು: "ನಿಮ್ಮ ರಾಕ್ಷಸ ಕೆಟ್ಟು ಹೋಗಿದಾನೆ. ಅರ್ಧ ಗಂಟೆ ಹೊಡೆದೆ, ತಿರುಗಿ ಒಂದೇಟೂ ಹಾಕ್ಲಿಲ್ಲ. ಸರಿ ಮಾಡಿಸಿ."

ಅದಾದ ವಾರಕ್ಕೆ ಇನ್ನೊಂದು. ಯಾವ ದೇಶದೋನೋ ನಮ್ಮ ಬೊಂಬೇನ ಹಂಗೇ ಎತ್ಕೊಂಡು ಹೋಗಿ, ಅದರ ಕೆಳಗೆ ಗಾಲಿ ಕಟ್ಟಿ, ತನ್ನ ಆಟದಲ್ಲಿ ಜನರ ಹಿಂದೆ ಓಡಿಸ್ತಾ ಇದ್ದ. ನಮ್ಮ ದೃಷ್ಟಿ ಬೊಂಬೆ ನಾಲಗೆ ಚಾಚ್ಕೊಂಡು ಬೆಟ್ಟ ಇಳೀತಾ ಇತ್ತು.

ಬೀಗರು ಕನ್ನಡಕ ಏರಿಸಿ ನೋಡಿ, "ಪರವಾಗಿಲ್ಲ ಮೇಸ್ತ್ರಿಗಳೇ. ನಿಮ್ಮ ಆಳುಗಳಲ್ಲಿ ಓಡಾಡಿ ಕೆಲಸ ಮಾಡಿದ್ದು ಇದೊಂದೇ," ಅಂದ್ರು.

ಬಂದೋರು ಹೋದೋರು

ಆಟದಲ್ಲಿ ನಾವೂ ಒಳಗೆ ನಿಂತಿದ್ರೆ ಬಂದೋರು ನಮಗೆ ಕಾಣಿಸ್ತಾರೆ, ನಾವು ಅವರಿಗೆ ಕಾಣಿಸ್ತೀವಿ. ಇದು ಗೊತ್ತಾದ್ಮೇಲೆ ನಾನು ಸುಮ್ಮನೆ ಕೂರೋ ಮನುಷ್ಯನಾ? ಬೆಳಗ್ಗೆ ಸ್ನಾನ ಮಾಡಿ ಬಂದು ರಿಮೋಟ್ ಹಿಡಿದ್ರೆ ಊಟದ ತನಕ ಬಾಗಿಲಲ್ಲಿ ನಿಂತಿರ್ತಿದ್ದೆ. ಎಲ್ಲೆಲ್ಲಿಂದಲೋ ಬರ್ತಾರೆ. ಒಬ್ಬನ ತಲೆ ಮೇಲೆ ಬಾಳೆಹಣ್ಣು, ಒಬ್ಬನಿಗೆ ತಲೇನೇ ಇಲ್ಲ. ಏನೇ ಇರಲಿ, ಮನೆಗೆ ಬಂದವ್ರೆ. ಗೇಟಿಗೆ ಹೋಗಿ ಎದುರುಗೊಂಡು ಕರ್ಕೊಂಡು ಬರ್ತಿದ್ದೆ. ಹೊರಟ್ರೆ ಮತ್ತೆ ಗೇಟ್ ತನಕ ಬಿಟ್ಟು ಬರ್ತಿದ್ದೆ. ಬಾಗಿಲಲ್ಲೇ ನಿಂತು ಟಾಟಾ ಮಾಡೋ ಜನ ಅಲ್ಲ ನಾವು.

ಒಂದು ದಿನ ಒಬ್ಬ ಬಂದೋನು ಹೋಗಲೇ ಇಲ್ಲ. ಅಂಗಳದಲ್ಲೇ ಕುಣೀತಾ ಇದ್ದ. ನಾನು ಕೈ ಎತ್ತಿದ್ರೆ ಅವನೂ ಎತ್ತೋನು. ಮಗಳು ನೈಟ್ ಡ್ಯೂಟಿ ಮುಗಿಸಿ ಬಂದು ನೋಡಿದ್ಲು.

"ಯಾರಪ್ಪ ಅದು?"

"ಗೊತ್ತಿಲ್ಲಮ್ಮ. ಬಂದು ಒಂದು ಗಂಟೆ ಆಯ್ತು."

"ಹೆಸರಾದ್ರೂ ಕೇಳಬಾರ್ದಾ?"

"ಊಟಕ್ಕೆ ಹಾಕದೇ ಹೆಸರು ಕೇಳಿದ್ರೆ ಏನಂದ್ಕೊಂಡಾನು?"

ಯುಗಾದಿ ಲೆಕ್ಕ

ಯುಗಾದಿ ದಿನ ಒಬ್ಬಟ್ಟು ತಿಂದು ಒಂದು ಕಣ್ಣು ಮುಚ್ಚಿದ್ದೆ ಅಷ್ಟೇ. ಎದ್ದು ಬಂದ್ರೆ ಬೀಗರು ಒಬ್ಬರೇ ಟೀವಿ ಮುಂದೆ. ಕೈಯಲ್ಲಿ ರಿಮೋಟು. ನನ್ನ ಕಣ್ಣೆದುರಿಗೇ ಅವರ ಗೊಂಬೆ ನನ್ನ ಸಂಪಿಗೆ ಧುಮುಕ್ತು.

"ಏನ್ ಬೀಗ್ರೇ ಇದು?"

"ನೀರು ಸೋರತ್ತಾ ಅಂತ ನೋಡ್ತಾ ಇದ್ದೆ."

ಅಲ್ಲಿಗೆ ನನಗೆಲ್ಲ ಅರ್ಥ ಆಯ್ತು. ಮೂರು ತಿಂಗಳಿಂದ ನಾನು ಮಲಗಿದಾಗೆಲ್ಲ ಈ ಮನುಷ್ಯ ಕೂತು ಬಿದ್ದಿದ್ದಾರೆ. ಗೆಜೆಟೆಡ್ ಆಫೀಸರ್ ಆಗಿದ್ದೋರು, ಒಂದೊಂದು ರೂಪಾಯಿಗೆ ಒಂದೊಂದು ಸಲ. ಕೂಗಿ ಎಲ್ಲರನ್ನೂ ಸೇರಿಸ್ದೆ. "ಅಳಿಯಂದ್ರೇ, ತೆಗೀರಿ ಲೆಕ್ಕ. ಒಟ್ಟು ಬೇಡ, ಹೆಸರು ಹಿಡಿದು ಓದಿ. ನಿಮ್ಮಪ್ಪ ಅಂತ ಮುಲಾಜು ನೋಡಬೇಡಿ."

"ಮಾವ, ಒಟ್ಟು ಸಾಕಲ್ವಾ?"

"ಹೆಸರು ಓದಿ ಅಂದೆ."

ಅಳಿಯಂದ್ರು ನೀರು ಕುಡಿದು ಓದಿದ್ರು. "ಒಟ್ಟು ಬಿದ್ದಿರೋದು ಎರಡು ಸಾವಿರದ ಇನ್ನೂರ ಹದಿನೆಂಟು ಸಲ. ಅದರಲ್ಲಿ ಅಪ್ಪ ಏಳು ಸಲ."

"ಏಳೇನಾ?"

"ಪಕ್ಕದ ಮನೆ ಅಜ್ಜಿ ಒಂದು. ಹೊರಗಿನ ಜನ ಎಲ್ಲ ಸೇರಿ ಎಂಟುನೂರ ನಾಕು."

ಇಷ್ಟೂ ಸೇರಿದ್ರೂ ಸಾವಿರ ಮುಟ್ಟಲ್ಲ. ಬೀಗರ ಮನೆ ಕಟ್ಟೋ ಕೆಲಸ ನನ್ನದೇ ಆಗಬೇಕಿತ್ತು. "ಮಿಕ್ಕಿದ್ದು ಯಾರು? ಯಾವನು ಆ ಕಳ್ಳ, ಹೇಳಿ."

ಅಳಿಯಂದ್ರು ಮಗಳ ಮುಖ ನೋಡಿದ್ರು. ಮಗಳು ಕಿಟಕಿ ನೋಡಿದ್ಲು.

"ನೀವೇ ಮಾವ. ಸಾವಿರದ ನಾನೂರ ಆರು ಸಲ."

ನಿಂತಿದ್ದೋನು ಕೂತ್ಕೊಂಡೆ. "ನಾನು ಯಾವಾಗ ಬಿದ್ದೆ?"

"ಅಪ್ಪ, ಬಂದೋರ್ನ ಗೇಟಿಂದ ಕರ್ಕೊಂಡು ಬರೋವಾಗ ಒಂದು ಸಲ ಬೀಳ್ತಿದ್ದೆ," ಅಂದ್ಲು ಮಗಳು. "ಗೇಟ್ ತನಕ ಬಿಡೋಕೆ ಹೋದಾಗ ಇನ್ನೊಂದು ಸಲ. ಅವರು ಹಾರಿ ಹೋಗ್ತಿದ್ರು. ನೀನು ನಡ್ಕೊಂಡು ಹೋಗ್ತಿದ್ದೆ."

"ಮನೆ ಯಜಮಾನ ಅಂಗಳದಲ್ಲಿ ಹಾರ್ಕೊಂಡು ಓಡಾಡೋಕಾಗತ್ತೇನಮ್ಮ? ಅದೂ ಅಲ್ದೆ ಮನೆಯೋರು ಬಿದ್ದಿದ್ದು ಲೆಕ್ಕಕ್ಕೆ ಬರಲ್ಲ."

"ಯಾರಾದ್ರೂ ಬೀಳಲಿ ಅಂದೋರು ಯಾರು?" ಅಂದ್ರು ಬೀಗರು. ನಗ್ಲಿಲ್ಲ, ಅದೇ ಇನ್ನೂ ಉರೀತು. ಹತ್ರ ಬಂದು ಕೂತು ಹೇಳಿದ್ರು, "ಮಾತು ಮಾತೇ. ನನ್ನ ಮನೆ ಬೇರೆಯೋರು ಕಟ್ತಾರೆ. ಆದ್ರೆ ಗೃಹಪ್ರವೇಶದ ದಿನ ಗೇಟಲ್ಲಿ ನಿಂತು ಬಂದೋರ್ನ ನೋಡ್ಕೊಳ್ಳೋಕೆ ನೀವೇ ಬೇಕು. ಸಂಪಿಗೆ ಮುಚ್ಚಳ ಮಾತ್ರ ನಾನು ಮುಂಚೇನೇ ಹಾಕಿಸಿರ್ತೀನಿ."

ಒಳಜೇಬಿಂದ ದುಡ್ಡು ತೆಗೆದೆ. ಎಣಿಸ್ತಾ ಇರೋವಾಗ ಟೀವೀಲಿ ಟಿಂಗ್ ಅಂತು. ಯಾರೋ ಗೇಟ್ ಹತ್ರ ಬಂದು ನಿಂತಿದ್ರು, ಹಬ್ಬದ ದಿನ, ತಲೆ ಮೇಲೆ ಬಾಳೆಹಣ್ಣು ಇಟ್ಕೊಂಡು. ಪಂದ್ಯ ಏನೋ ಸೋತೆ, ಮರ್ಯಾದೆ ಬಿಡೋಕಾಗಲ್ಲ. ರಿಮೋಟ್ ತಗೊಂಡು ಎದುರುಗೊಳ್ಳೋಕೆ ನಾಕು ಹೆಜ್ಜೆ ಹೋದೆ.

"ಯುಗಾದಿ ಇನ್ನೂ ಮುಗಿದಿಲ್ಲ ಮೇಸ್ತ್ರಿಗಳೇ," ಅಂತ ಬೀಗರು ಕೈ ಚಾಚಿದ್ರು.

ಎರಡು ಸಾವಿರದ ಇನ್ನೂರ ಹತ್ತೊಂಬತ್ತು ರೂಪಾಯಿ.