ಮದಲಿಂಗನ ನಾಕು ಪಾಠ

ಮಾಸ್ತರಕಿ ಕಲಿಯೋರೂ ಹೊಸದಾಗಿ ರೊಟ್ಟಿ ಬಡಿಯೋರೂ ಒಂದ ಜಾತಿ ನೋಡ್ರಿ. ಯಾರೂ ಇಲ್ಲದಾಗ ದುಂಡಗ ಬರೋ ರೊಟ್ಟಿ, ಅತ್ತಿ ಬಂದು ಎದುರಿಗೆ ಕುಂತಕೂಡಲೇ ಹರೀತೈತಿ. ಪರೀಕ್ಷಾದ ದಿನ ಹುಡುಗರ ಪಾಠನೂ ಹಂಗ. ಪ್ರತಿ ವರ್ಷ ಹರಿಯೋದು, ಪ್ರತಿ ವರ್ಷ ನಾ ನಗೋದು.

ನಿಜಾಮನ ಕಾಲದ ಮಾತಿದು, ಸಾಲಿಗೆ ಐತವಾರ ಅಲ್ಲ, ಶುಕ್ರವಾರ ಸೂಟಿ ಇದ್ದ ಕಾಲ. ಕೊಪ್ಪಳದಾಗ ಮಾಸ್ತರಕಿ ಕಲಿಯೋ ಹುಡುಗರಿಗೆ ನಾನ ಅಡಗಿ ಮಾಡಿ ಹಾಕ್ತಿದ್ದೆ. ವರ್ಷದ ಕಡೀಗೆ ಅವರು ಊರೂರು ತಿರುಗಿ, ಖರೇ ಖರೇ ಮಕ್ಕಳ ಮುಂದ ನಿಂತು ಪಾಠ ಮಾಡಿ ತೋರಿಸಬೇಕಿತ್ತು. ಹಿಂದ ಕುರ್ಚಿ ಮ್ಯಾಲ ಪರೀಕ್ಷಾ ಮಾಸ್ತರು ಕುಂತು ತಪ್ಪು ಬರಕೊಳ್ಳೋರು. ಮುಂದಿನ ಚಕ್ಕಡ್ಯಾಗ ಅವರು, ಹಿಂದಿನ ಚಕ್ಕಡ್ಯಾಗ ಪಾತ್ರಿ-ಪಗಡಿ ಹೇರಿಕೊಂಡು ನಾನು. ನಾ ಕಲ್ತದ್ದು ಎರಡು ವರ್ಷ ಅಷ್ಟ. ಖರೇ, ಬಾಗಲ ಸಂದ್ಯಾಗ ನಿಂತು ಕೇಳಾಕ ಎಷ್ಟು ಕಲ್ತಿರಬೇಕ್ರಿ?

ಒಂದು ವರ್ಷದ ಗುಂಪಿನಾಗ ಒಬ್ಬ ಸಣಕಲ ಹುಡುಗ ಇದ್ದ. ಮಾತಾಡಿಸಿದ್ರ ಸಾಕು, ಕಿವಿ ಕೆಂಪಗಾಗ್ತಿದ್ದವು. ಗಂಗಾವತಿ ಗಿರ್ದಾವರ ತನ್ನ ದೊಡ್ಡ ಮಗಳನ್ನ ಅವಗ ಕೊಡಾಂವ ಇದ್ದ. ಗಿರ್ದಾವರ ಅಂದ್ರ ಕುದುರಿ ಹತ್ತಿ ಹಳ್ಳಿ ಹಳ್ಳಿ ತಿರುಗಿ ಹೊಲದ ದಫ್ತರ ನೋಡೋ ಸರ್ಕಾರಿ ಮನುಷ್ಯಾ. "ಪಾಸಾದ್ರ ಅರಿಷಿಣ ಹಚ್ಚೋಣು. ನಪಾಸಾದ್ರ ಇನ್ನೊಬ್ಬ ವರ ತಯಾರ ಅದಾನ" ಅಂತ ಖಡಕ್ಕಾಗಿ ಹೇಳಿದ್ದ. ಆ ಇನ್ನೊಬ್ಬ ಯಾರಂತೀರಿ? ಇಬ್ಬರು ಹೇಣ್ತ್ಯಾರನ್ನ ಕಳಕೊಂಡ ಮುದಿ ಗುಮಾಸ್ತ. ಮುಂದಿನ ಹಲ್ಲು ಎರಡೂ ಇಲ್ಲ, ಮೀಸಿಗೆ ಮಾತ್ರ ದಿನಾ ಎಣ್ಣಿ.

ಹುಡುಗನ ಗೆಳ್ಯಾರು ಅವಗ 'ಮದಲಿಂಗ, ಮದಲಿಂಗ' ಅಂತ ಕಾಡ್ತಿದ್ರು. ನಮ್ಮ ಕಡೆ ಮದುಮಗಗ ಹಂಗಂತೀವಿ. ಹುಡುಗಿನೂ ಇವನೂ ಒಮ್ಮೆ ತಾವರಗೇರಾ ಸಂತ್ಯಾಗ ಬಳಿ ಅಂಗಡಿ ಮರಿಗೆ ನಿಂತು ಮಾತಾಡಿದ್ದು ನನಗ ಗೊತ್ತಿತ್ತು. ನಾ ಯಾರ ಮುಂದೂ ಬಾಯಿ ಬಿಡಲಿಲ್ಲ. ಒಂದು ಹತ್ತು ಮಂದಿ ಮುಂದ ಹೇಳಿರಬೇಕು ಅಷ್ಟ.

ನಾಕು ಊರು, ನಾಕು ಪಾಠ. ಅದರಾಗ ಎರಡಾದ್ರೂ ಪಾಸಾಗಬೇಕು.

ಕೊಪ್ಪಳದ ಬೆಲ್ಲ

ಮೊದಲನೇದು ವಸ್ತುಪಾಠ. ಅಂದ್ರ ಒಂದು ವಸ್ತು ತಂದು, ಮಕ್ಕಳಿಗೆ ತೋರಿಸಿ, ಮುಟ್ಟಿಸಿ, ಅದರ ಗುಣ ಹೇಳೋದು. ಮುಂಜಾನೆ ಮದಲಿಂಗ ನನ್ನ ಒಲಿ ಮುಂದ ಬಂದು ನಿಂತ.

"ಯಕ್ಕಾ, ಒಂದು ಹೆಂಟಿ ಬೆಲ್ಲಾ ಕೊಡು. ಪಾಠ ಆದಮ್ಯಾಲ ತಿರುಗಿ ತಂದುಕೊಡ್ತೀನಿ."

"ಮಕ್ಕಳ ಕೈಯಾಗ ಕೊಟ್ಟ ಬೆಲ್ಲಾ ತಿರುಗಿ ಬರತೈತೇನೋ ಹುಚ್ಚಪ್ಪಾ?"

"ಇದು ಪಾಠದ ಬೆಲ್ಲಾ ಯಕ್ಕಾ. ತಿನ್ನೋದಲ್ಲ."

ತಗೋ ಅಂತ ಕೊಟ್ಟೆ. ಕೊಟ್ಟು ಬಾಗಲದಾಗ ನಿಂತೆ. ಇಂಥಾದ್ದು ಬಿಡಾಕ ಆಕ್ಕೈತೇನು?

ಶುರು ಛಲೋ ಮಾಡಿದ. "ನೋಡ್ರಿ, ಮುಟ್ರಿ, ಮೂಸ್ರಿ, ನಾಲಿಗಿ ತುದೀಗೆ ಹಚ್ಚಿ ಹಿಂದಿನವಗ ಕೊಡ್ರಿ" ಅಂತ ಹೆಂಟಿ ಮುಂದಿನವನ ಕೈಯಾಗ ಇಟ್ಟು, ತಾ ಬೆನ್ನು ತಿರುವಿ ಹಲಗಿ ಮ್ಯಾಲ 'ಬೆಲ್ಲ' ಅಂತ ಬರಿಯಾಕ ಹತ್ತಿದ. 'ಬೆ' ಬರಿಯೋದ್ರಾಗ ಹೆಂಟಿ ಅರ್ಧ ಆತು. 'ಲ್ಲ' ಬರಿಯೋದ್ರಾಗ ಬರೇ ಬೆರಳು ನೆಕ್ಕೋ ಸಪ್ಪಳ.

ಪರೀಕ್ಷಾ ಮಾಸ್ತರು ಕಡೀಗೆ ಕುಂತ ಒಬ್ಬಾಂವನ್ನ ಎಬ್ಬಿಸಿದ್ರು. "ಏನೋ, ಬೆಲ್ಲದ ಗುಣ ಏನು ಹೇಳು."

ಆಂವ ಎದ್ದು ನಿಂತು ಅಳಾಕ ಹತ್ತಿದ. "ನನಗ ಗೊತ್ತಿಲ್ರೀ! ಪಾಠ ನನ್ನ ತನಕ ಬರ್ಲೇ ಇಲ್ರೀ!"

ನಪಾಸು.

ಕುಷ್ಟಗಿಯ ಬಾಗಲಾ

ಎರಡನೇ ಪಾಠ ಕುಷ್ಟಗ್ಯಾಗ. ಅಲ್ಲಿ ಸಾಲ್ಯಾಗ ಬರಿಯೋ ಹಲಗಿನ ಇರಲಿಲ್ಲ. "ಹಲಗಿ ಇಲ್ಲದ ಪಾಠಕ್ಕ ಪಾಸಿಲ್ಲ" ಅಂತ ಪರೀಕ್ಷಾ ಮಾಸ್ತರು ಹಿಂದಿನ ದಿನಾನ ಅಂದಿದ್ರು. ಮದಲಿಂಗ ನಸೀಕಿನ್ಯಾಗ ಎದ್ದು ಎಲ್ಲಿಂದೋ ಒಂದು ಬಾಗಲಾ ಹೊತ್ತು ತಂದ. ನನ್ನ ಹಂಚಿನ ಬುಡ ಕೆರೆದು, ಆ ಮಸಿ ನೀರಾಗ ಕಲಸಿ, ಬಾಗಲಕ್ಕ ಬಳದು ಒಣಗಿಸಿ ಗ್ವಾಡಿಗೆ ಆನಿಸಿ ನಿಲ್ಲಿಸಿದ. ಎಂಥಾ ಹಲಗಿ ಅಂತೀರಿ! ಕರ್ರಗ ಮಿಂಚತಿತ್ತು. ಮ್ಯಾಲ ದಪ್ಪಗ 'ನೀರು' ಅಂತ ಬರದು ಪಾಠ ಶುರು ಮಾಡಿದ.

ಪಾಠ ರಂಗಿಗೆ ಬಂದಿತ್ತು. ಅಷ್ಟರಾಗ ಹೆಡ್ ಮಾಸ್ತರ ಹೇಣ್ತಿ ಕೂದಲಾ ಬಿಟಗೊಂಡು, ಕೈಯಾಗ ಚರಿಗಿ ಹಿಡಕೊಂಡು ನೆಟ್ಟಗ ಒಳಗ ಬಂದ್ಲು. ಎಣ್ಣಿ ಹಚ್ಚಿಕೊಂಡು ಜಳಕಕ್ಕ ಹೋಗ್ಯಾಳ, ಬಚ್ಚಲಕ್ಕ ಬಾಗಲಾನ ಇಲ್ಲ!

"ನಮ್ಮ ಬಚ್ಚಲ ಬಾಗಲಾ ಕಿತ್ತುಕೊಂಡು ಬಂದವ ಯಾವಾಂವ?" ಅಂತ ಕೂಗಿದವಳು ಹಲಗಿ ನೋಡಿದ್ಲು. "ಅಯ್ಯ, ಇಲ್ಲೇ ಐತಿ! ಮ್ಯಾಲ ನೀರಂತ ಬ್ಯಾರೆ ಬರದಾನ! ನನಗ ನೀರು ಎಲ್ಲೈತಿ ಅಂತ ಗೊತ್ತಿಲ್ಲೇನು?"

ಮಕ್ಕಳು ಬಿದ್ದು ಬಿದ್ದು ನಕ್ಕವು. ಹುಡುಗನ ಕಿವಿ ಕುಂಕುಮದಂಗ ಆದವು. ಪರೀಕ್ಷಾ ಮಾಸ್ತರು ಮಾತ್ರ ಗಂಭೀರಾಗಿ, "ತಾಯೀ, ಪಾಠ ಮುಗಿಯೋ ತನಕ ತಡೀರಿ. ಇಲ್ಲದ ಹಲಗಿ ಹುಟ್ಟಿಸ್ಯಾನ, ಇವ ಪಾಸು" ಅಂತ ಬರದ್ರು.

ಆಕಿ ಏನು ತಡಿಯಾಕಿ? ಪಾಠ ನೋಡಾಕ ಕುಂತಿದ್ದ ಗಂಡನ ರಟ್ಟಿ ಹಿಡಿದು ಎಳಕೊಂಡು ಹ್ವಾದ್ಲು. ನಾ ಬಿಸಿನೀರು ಕೊಡೋ ನೆವಾ ಮಾಡಿ ಹಿಂದ ಹೋಗಿ ನೋಡಿದ್ನಿ. ಊರಿಗೆ ದೊಡ್ಡ ಹೆಡ್ ಮಾಸ್ತರು ಧೋತರಾ ಅಗಲ ಮಾಡಿ ಹಿಡಕೊಂಡು, ಈ ಕಡೆ ಮುಖ ಮಾಡಿ, ಬಚ್ಚಲಕ್ಕ ತಾವ ಬಾಗಲಾಗಿ ನಿಂತಿದ್ರು!

ಯಲಬುರ್ಗಾದ ಮೂಡಲ

ಇದರಾಗ ನಂದೂ ಸ್ವಲ್ಪ ತಪ್ಪೈತಿ. ಪಾಠ ಇದ್ದದ್ದು ಮುಂಜಾನೆ. ಆದ್ರ ಅವತ್ತು ನಾ ಎಣ್ಣಿಗಾಯಿ ಮಾಡಿದ್ದೆ. ಪರೀಕ್ಷಾ ಮಾಸ್ತರು ಎಂಟು ರೊಟ್ಟಿ ಮುರದು, ಕಟ್ಟಿ ಮ್ಯಾಲ ಅಡ್ಡಾದವರು ಹೊತ್ತು ಇಳಿಯೋ ತನಕ ಏಳಲಿಲ್ಲ. ಅವರ ಗೊರಕಿಗೆ ಎತ್ತು ಬೆದರಿ ಕಣ್ಣಿ ಹರಕೊಂಡವು.

ಎದ್ದು ಮುಖ ತೊಳಕೊಂಡು "ಹೂಂ, ಶುರು ಮಾಡಪಾ" ಅಂದ್ರು. ಮದಲಿಂಗ ಮುಂಜಾನೆ ಹೊತ್ತಿಗಂತ ಬರದ ಪಾಠದ ಟಿಪ್ಪಣಿನ ಗಿಳಿಯಂಗ ಬಾಯಿಪಾಠ ಮಾಡಿದ್ದ. ಮಕ್ಕಳನ್ನ ಬಯಲಿಗೆ ಕರಕೊಂಡು ಹೋದ.

"ಎಲ್ಲಾರೂ ಸೂರ್ಯಗ ಮುಖಾ ಮಾಡಿ ನಿಲ್ರಿ. ನಿಮ್ಮ ಎದುರಿಗೆ ಇರೋದು ಮೂಡಲ!"

ಸೂರ್ಯ ನೋಡಿದ್ರ ಪಡುವಲದಾಗ ಮುಳುಗಾಕ ಹತ್ಯಾನ. ಒಬ್ಬ ಹುಡುಗಿ ಮೆಲ್ಲಕ "ಮಾಸ್ತರ, ಅದು ಮುಳುಗಾಕ ಹತ್ತೈತ್ರಿ" ಅಂದ್ಲು.

"ಸುಮ್ಮನಿರು. ಟಿಪ್ಪಣ್ಯಾಗ ಮೂಡಲ ಅಂತ ಐತಿ."

ಪರೀಕ್ಷಾ ಮಾಸ್ತರು ಬಾಯಿಗೆ ರುಮಾಲ ಹಿಡಕೊಂಡು ಕೇಳಿದ್ರು. "ಗಂಗಾವತಿ ಯಾವ ಕಡೆ ಬರತೈತಪಾ?"

"ಮೂಡಲಕ್ಕರಿ" ಅಂತ ಮುಳುಗೋ ಸೂರ್ಯನ ಕಡೆ ಕೈ ಮಾಡಿದ.

"ಭಾಳ ಛಲೋ. ಹಂಗಾರ ನೀ ಆ ಕಡೆ ನಡಕೋತ ಹೋಗು, ನಾವು ಚಕ್ಕಡ್ಯಾಗ ಈ ಕಡೆ ಬರ್ತೀವಿ. ನಿನ್ನ ಲಗ್ನದಷ್ಟೊತ್ತಿಗೆ ಭೂಮಿ ಸುತ್ತಿ ಬಂದರ ಬಂದಿ."

ಎರಡು ನಪಾಸು, ಒಂದು ಪಾಸು. ಉಳಿದದ್ದು ಗಂಗಾವತಿ ಒಂದ. ಚಕ್ಕಡ್ಯಾಗ ಹುಡುಗ ರೊಟ್ಟಿನೂ ಮುಟ್ಟಲಿಲ್ಲ. "ಯಕ್ಕಾ, ಆ ಗುಮಾಸ್ತಗ ಖರೇನ ಹಲ್ಲಿಲ್ಲೇನು?" ಅಂತ ಕೇಳಿದ. "ಇಲ್ಲೋ ತಮ್ಮಾ. ಆದ್ರ ಮದುವಿ ಊಟಕ್ಕ ಹಾಕಿಸಿಕೊಂಡಾನು" ಅಂದೆ. ಪಾಪ, ಅನ್ನಬಾರದಿತ್ತು.

ಗಂಗಾವತಿಯ ಸಾಲಿ

ಗಂಗಾವತ್ಯಾಗ ಸಾಲಿಗೆ ಸ್ವಂತ ಕಟ್ಟಡ ಇರಲಿಲ್ಲ. ಗಿರ್ದಾವರನ ಮನಿ ಮುಂದಿನ ಪಡಸಾಲ್ಯಾಗ ನಡೀತಿತ್ತು. ಒಳಗಿನ ಬಾಗಲ ಹಿಂದ ಅವನ ಇಬ್ಬರೂ ಹೆಣ್ಣುಮಕ್ಕಳು ನಿಂತಿದ್ರು. ದೊಡ್ಡಾಕಿ ಬೆರಳು ಕಚ್ಚಿಕೊಂಡು, ಸಣ್ಣಾಕಿ ಅಕ್ಕನ ಚಿವುಟಿಕೋತ. ನಾನೂ ಅವರ ಮಗ್ಗಲಾಗ ನಿಂತೆ.

ಕಡೀ ಪಾಠ ನೋಡಾಕ ಹೈದ್ರಾಬಾದಿನಿಂದ ದೊಡ್ಡ ಸಾಹೇಬ್ರು ಬಂದಿದ್ರು. ಅವರಿಗೆ ಕನ್ನಡ ಒಂದಕ್ಷರ ಬರಂಗಿಲ್ಲ, ಮದಲಿಂಗಗ ಉರ್ದು ಅಲ್ಲಲ್ಲಿ ಅಷ್ಟ. ಗಿರ್ದಾವರ ಸಾಹೇಬ್ರ ಮಗ್ಗಲಾಗ ಕೈ ಕಟ್ಟಿ ನಿಂತಿದ್ದ. ಇಪ್ಪತ್ತು ವರ್ಷ ಕಚೇರ್ಯಾಗ ಉರ್ದು ಮಾತಾಡಿ ಮಾತಾಡಿ, ಆಂವ ಕನ್ನಡಾ ಬರೇ ಉಣ್ಣಾಕ ಬಯ್ಯಾಕ ಇಟಗೊಂಡಿದ್ದ.

ಪಾಠ ಮಾತ್ರ ಹುಡುಗ ಛಂದ ಮಾಡಿದ. ಸಾಹೇಬ್ರು ತಲಿ ಆಡಿಸಿ, ಪಾಸಂತ ಬರಿಯಾಕ ಕಲಮು ಎತ್ತಿದ್ರು. ಎತ್ತಿದವರು ಸುಮ್ಮನ ಬರೀಬಾರದೇನು? ನಕ್ಕು ಉರ್ದುದಾಗ, "ಈ ಮನಿ ಅಳಿಯ ಆಗಾಂವಂತ, ಖುಷ್ ಅದಿಯೇನು?" ಅಂದ್ರು.

ಹುಡುಗಗ ತಿಳದದ್ದು 'ಖುಷ್' ಒಂದ. ಸಾಲಿ ಬಗ್ಗೆ ಕೇಳ್ಯಾರ ಅಂತ ತಿಳದು, ಎದಿ ಉಬ್ಬಿಸಿ ಹೇಳಿದ: "ಮೇರಿ ಸಾಲಿ ಬಹುತ್ ಅಚ್ಛಿ ಹೈ, ಸಾಹೇಬ್!"

ಸಾಹೇಬ್ರ ಕಲಮು ಅಲ್ಲೇ ನಿಂತಿತು. ಅವರ ಉರ್ದುದಾಗ ಸಾಲಿ ಅಂದ್ರ ಹೇಣ್ತಿ ತಂಗಿ! ಓದೋ ಸಾಲಿಗೆ ಅವರು ಮದರಸಾ ಅಂತಾರ. ಇವಗೇನು ಗೊತ್ತು? ಹುರುಪಿಗೆ ಬಂದು ತನ್ನ ಮುರುಕು ಉರ್ದುದಾಗ ಓಡಿಸಿದ್ದ ಓಡಿಸಿದ್ದು. ಸಾಲಿ ಅಂದ್ರ ನನ್ನ ಜೀವ, ಮುಂಜಾನೆ ಎದ್ದಕೂಡಲೇ ಸಾಲಿ ನೆನಪಾಕ್ಕೈತಿ, ದಿನಪೂರ್ತಿ ಸಾಲಿ ಕೂಡ ಇರ್ತೀನಿ, ಸಂಜಿಗೆ ಬಿಟ್ಟು ಮನಿಗೆ ಹೋಗಾಕ ಮನಸ ಬರಂಗಿಲ್ಲ.

ಸಾಹೇಬ್ರು ಗಿರ್ದಾವರನ ಕಡೆ ತಿರುಗಿ, "ನಿಮಗ ಎಷ್ಟು ಮಂದಿ ಹೆಣ್ಣುಮಕ್ಕಳು?" ಅಂದ್ರು.

"ಇಬ್ಬರು, ಹುಜೂರ್" ಅಂದ ಗಿರ್ದಾವರ. ಅವನ ಮೀಸಿ ನಡಗತಿತ್ತು. ಇಡೀ ಮಾತು ಉರ್ದುದಾಗ ಕೇಳಿದ್ದಕ್ಕ ಅವಗೂ ಅದ ಅರ್ಥ ಹತ್ತಿತ್ತು. "ಲೇ ಬದ್ಮಾಶ್, ನನ್ನ ಸಣ್ಣ ಮಗಳ ಮ್ಯಾಲ ಕಣ್ಣೇನು? ಇಳಿ ಕೆಳಗ! ಇವತ್ತ ಗುಮಾಸ್ತಗ ಹೇಳಿ ಕಳಸ್ತೀನಿ!"

ಬಾಗಲ ಹಿಂದ ಸಣ್ಣಾಕಿ "ಅಯ್ಯವ್ವಾ, ನಾ ಏನು ಮಾಡೀನಿ?" ಅಂತ ನನ್ನ ಸೀರಿ ಹಿಡಕೊಂಡ್ಲು. ನನಗ ತಡಿಯಾಕ ಆಗಲಿಲ್ಲ. ನೀರಿನ ತಂಬಿಗಿ ಹಿಡದು ಹೊರಗ ಬಂದೆ.

"ಸಾಹೇಬ್ರ, ಹಮಾರಾ ಸಾಲಿ, ತುಮಾರಾ ಮದರಸಾ!" ಅಂದೆ. ಗಿರ್ದಾವರಗೂ ಬಿಡಲಿಲ್ಲ. "ನೀವು ಸಣ್ಣಾಗಿದ್ದಾಗ ಎಲ್ಲಿಗೆ ಹೋಗ್ತಿದ್ರಿ ಅಣ್ಣಾರ? ಸಾಲಿಗೆ ಹೋಗಿಲ್ಲೇನು?"

ಸಾಹೇಬ್ರಿಗೆ ಮಾತು ತಿಳಿಯಾಕ ಒಂದು ಗಳಿಗಿ ಬೇಕಾತು. ತಿಳಿದ ಮ್ಯಾಲ ಹೊಟ್ಟಿ ಹಿಡಕೊಂಡು, ಟೊಪಗಿ ಕೆಳಗ ಬೀಳೋ ತನಕ ನಕ್ಕು, ಪಾಸು ಅಂತ ಬರದು ಸಹಿ ಮಾಡಿದ್ರು.

ಗಿರ್ದಾವರ ಮರ್ಯಾದಿ ಉಳಿಸಿಕೊಳ್ಳಾಕ ಒಮ್ಮೆ ಕೆಮ್ಮಿ, ಬಾಗಲ ಕಡೆ ತಿರುಗಿ ದೊಡ್ಡ ಮಗಳನ್ನ ಕೇಳಿದ. "ಏನವಾ, ಈ ಸಾಲಿ ಹುಚ್ಚನ್ನ ಮಾಡಿಕೊಳ್ಳಾಕ ನಿನ್ನ ಒಪ್ಪಿಗಿ ಐತೇನು?"

ಬಾಗಲ ಹಿಂದಿನಿಂದ ಬಳಿ ಸಪ್ಪಳದ ಕೂಡ ಆಕಿ ಮಾತು ಬಂತು.

"ಒಪ್ಪಿಗಿ ಐತಪ್ಪಾ. ಆರು ದಿನ ಸಾಲಿ ಕೂಡನ ಇರ್ಲಿ. ಶುಕ್ರವಾರ ಸಾಲಿಗೆ ಸೂಟಿ ಅಲ್ಲೇನು? ಅವತ್ತೊಂದಿನ ನನ್ನ ಕೂಡ ಇದ್ರ ಸಾಕು."